ಬನದ ಮರಗಳ ಗಣತಿ: ಐದು ವರ್ಷ ಬಿಟ್ಟು ಮತ್ತೆ ಅದೇ ಮರದ ಬುಡಕ್ಕೆ

ಕಾಸರಗೋಡಿಗೆ ಆ ಹೆಸರು ಬಂದದ್ದು ಕಾಸರಕನ ಮರದಿಂದ ಎಂದು ಹೇಳುವವರಿದ್ದಾರೆ. ತುಳುವಿನ ಕಾಯೆರ್, ಮಲಯಾಳದ ಕಾಞಿರ ಅದೇ ಮರ. ಇಂದು ಅದು ಜಿಲ್ಲೆಯ ಅಧಿಕೃತ ಮರವೂ ಹೌದು. ಆದರೆ ನಿಮ್ಮೂರಿನ ಬನದಲ್ಲಿ ಕಾಸರಕನ ಮರಗಳು ಎಷ್ಟಿವೆ, ಹತ್ತು ವರ್ಷದ ಹಿಂದೆ ಎಷ್ಟಿದ್ದವು ಎಂದು ಕೇಳಿ ನೋಡಿ. ‘ಮೊದಲು ತುಂಬ ಇದ್ದವು’ ಎಂಬ ಮಾತು ಸಿಗುತ್ತದೆ, ಸಂಖ್ಯೆ ಸಿಗುವುದಿಲ್ಲ.

ಆ ಸಂಖ್ಯೆಯನ್ನು ನಾವೇ ಪಡೆಯಬಹುದು. ಟೇಪು, ಹಗ್ಗ, ಸ್ವಲ್ಪ ಬಣ್ಣ, ಗಟ್ಟಿ ರಟ್ಟಿನ ಪುಸ್ತಕ ಇದ್ದರೆ ಸಾಮಾನು ಮುಗಿಯಿತು. ಉಳಿದದ್ದು ಐದು ವರ್ಷ ಕಳೆದ ಮೇಲೆ ಅದೇ ಮರದ ಬುಡಕ್ಕೆ ಮರಳಿ ಬರುವ ಹಠ. ಒಂದು ಸಲ ಎಣಿಸಿದರೆ ಸಿಗುವುದು ಪಟ್ಟಿ ಮಾತ್ರ. ಎರಡನೆಯ ಸಲ ಅಳೆದಾಗಲೇ ಕಾಡು ಏನು ಮಾಡುತ್ತಿದೆ ಎಂಬುದು ಕಾಣತೊಡಗುತ್ತದೆ.

ಜಗತ್ತಿನ ದೊಡ್ಡ ಕಾಡುಗಳಲ್ಲಿ ವಿಜ್ಞಾನಿಗಳು ಮಾಡುತ್ತಿರುವುದೂ ಇದನ್ನೇ. ಪನಾಮದ ಬಾರೋ ಕೊಲೊರಾಡೋ ದ್ವೀಪದಲ್ಲಿ 1980ರ ದಶಕದ ಆರಂಭದಲ್ಲಿ ಸ್ಟೀಫನ್ ಹಬ್ಬೆಲ್ ಮತ್ತು ರಾಬಿನ್ ಫಾಸ್ಟರ್ 50 ಹೆಕ್ಟೇರಿನ ತಾಕು ಗುರುತಿಸಿ, ಒಂದು ಸೆಂಟಿಮೀಟರ್ ವ್ಯಾಸಕ್ಕಿಂತ ದಪ್ಪವಾದ ಪ್ರತಿಯೊಂದು ಕಾಂಡಕ್ಕೂ ಸಂಖ್ಯೆ ಕೊಟ್ಟರು. ಸುಮಾರು 300 ಜಾತಿಗಳ ಎರಡು ಲಕ್ಷಕ್ಕೂ ಹೆಚ್ಚು ಗಿಡಮರಗಳು! ಗಣತಿ ಆರಂಭವಾದ ಹೊತ್ತಿಗೇ, 1983ರಲ್ಲಿ, ಎಲ್ ನಿನೋದಿಂದಾಗಿ ಅಲ್ಲಿ ಭೀಕರ ಬರ ಬಂತು. ಮರಗಳು, ಅದರಲ್ಲೂ ದೊಡ್ಡ ಮರಗಳು, ಆ ವರ್ಷಗಳಲ್ಲಿ ಎಷ್ಟು ಹೆಚ್ಚಾಗಿ ಸತ್ತವು ಎಂದು ಹೇಳಲು ಸಾಧ್ಯವಾದದ್ದು ಅವಕ್ಕೆ ಸಂಖ್ಯೆ ಇದ್ದುದರಿಂದ. ಇಂದು ಸ್ಮಿತ್ಸೋನಿಯನ್ ಸಂಸ್ಥೆಯ ಫಾರೆಸ್ಟ್‌ಜಿಯೋ ಜಾಲದಲ್ಲಿ ಇಂಥ 70ಕ್ಕೂ ಹೆಚ್ಚು ತಾಕುಗಳಿವೆ. ಮಲೇಷ್ಯಾದ ಸರಾವಾಕಿನ ಲಂಬೀರ್ ಕಾಡಿನ 52 ಹೆಕ್ಟೇರಿನೊಳಗೆ ಸುಮಾರು 1,200 ಜಾತಿಯ ಮರಗಳಿವೆ.

ನಮ್ಮ ನೆರೆಯಲ್ಲಿಯೂ ಇದೆ. ಬಂಡೀಪುರಕ್ಕೆ ತಾಗಿದ ನೀಲಗಿರಿ ಜಿಲ್ಲೆಯ ಮುದುಮಲೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ 50 ಹೆಕ್ಟೇರಿನ ತಾಕು ಆರಂಭಿಸಿದರು. ಅದು ಒಣ ಎಲೆಯುದುರುವ ಕಾಡು, ಜಾತಿಗಳು ಎಪ್ಪತ್ತರ ಆಸುಪಾಸು. ಅಲ್ಲಿ ಬೆಂಕಿ ಮತ್ತು ಆನೆ ಎರಡೂ ಲೆಕ್ಕಕ್ಕೆ ಬರುತ್ತವೆ. ಕಿಡಿಯಾ ಕ್ಯಾಲಿಸಿನಾ ಎಂಬ ಮರ ಆನೆಗಳ ಮೇವಾಗಿ ಹೇಗೆ ಕುಸಿಯುತ್ತ ಹೋಯಿತು ಎಂಬುದು ಮರಳಿ ಮರಳಿ ಎಣಿಸಿದ್ದರಿಂದ ದಾಖಲಾಯಿತು. ನಮ್ಮ ಪಯಸ್ವಿನಿ ಹೊಳೆ ಹುಟ್ಟುವ ಕೊಡಗಿನ ಇಳಿಜಾರಿನಲ್ಲಿ, ಉಪ್ಪಂಗಳದ ಮಳೆಕಾಡಿನಲ್ಲಿ, ಪುದುಚೇರಿಯ ಫ್ರೆಂಚ್ ಸಂಸ್ಥೆ 1990ರ ಸುಮಾರಿನಿಂದ ಮರಗಳನ್ನು ಅಳೆಯುತ್ತ ಬಂದಿದೆ.

50 ಹೆಕ್ಟೇರ್ ಎಂದರೆ 120 ಎಕರೆಗೂ ಹೆಚ್ಚು. ಅಷ್ಟು ನಮ್ಮಿಂದಾಗದು. ಆದರೆ ಅದೇ ತಾಕುಗಳನ್ನು 20 ಮೀಟರ್ ಉದ್ದ, 20 ಮೀಟರ್ ಅಗಲದ ಚೌಕಗಳಾಗಿ ವಿಂಗಡಿಸಿ ಅಳೆಯುತ್ತಾರೆ. ಅಂಥ ಒಂದು ಚೌಕ ಸುಮಾರು ಹತ್ತು ಸೆಂಟ್ಸ್. ಹತ್ತು ಸೆಂಟ್ಸಿನ ನಾಗಬನ ಅಥವಾ ದೈವದ ಕಾಡು ಇಲ್ಲದ ಊರು ನಮ್ಮಲ್ಲಿ ಯಾವುದಿದೆ?

ಮೊದಲು ಕೇಳಿ, ಆಮೇಲೆ ಕಾಲಿಡಿ

ಬನ ಕುಟುಂಬದ್ದಾದರೆ ಹಿರಿಯರನ್ನು, ಕ್ಷೇತ್ರದ್ದಾದರೆ ಸಮಿತಿಯವರನ್ನು ಕೇಳಬೇಕು. ಏನು ಮಾಡುತ್ತೀರಿ, ಏನು ಮಾಡುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಿ: ಕತ್ತಿ ಹಾಕುವುದಿಲ್ಲ, ಮೊಳೆ ಹೊಡೆಯುವುದಿಲ್ಲ, ತನು-ತಂಬಿಲದ, ಎಂದರೆ ನಾಗನಿಗೆ, ದೈವಕ್ಕೆ ಪೂಜೆ ಸಲ್ಲುವ ದಿನಗಳಲ್ಲಿ ಒಳಗೆ ಬರುವುದಿಲ್ಲ. ಚಪ್ಪಲಿ ಹೊರಗಿಡಬೇಕಾದ ಬನವಾದರೆ ಹಾವಿನ ಎಚ್ಚರ ಇರಲಿ, ತರಗೆಲೆಯ ಮೇಲೆ ಕೋಲು ಆಡಿಸುತ್ತ ನಡೆಯಿರಿ. ಕಾರಡ್ಕದಂಥ ಮೀಸಲು ಅರಣ್ಯದಲ್ಲಿ ಅಳೆಯಬೇಕೆಂದಿದ್ದರೆ ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆ ಇಲ್ಲದೆ ಹೋಗಬೇಡಿ.

ಚೌಕ ಹಾಕುವುದು

ಇದು ಮನೆಗೆ ಪಂಚಾಂಗ ಹಾಕುವಾಗ ಮೇಸ್ತ್ರಿ ಮಾಡುವ ಕೆಲಸವೇ. ಒಂದು ಮೂಲೆಯಲ್ಲಿ ಗೂಟ ನೆಟ್ಟು, ಒಂದು ಬದಿಗೆ 3 ಮೀಟರ್, ಇನ್ನೊಂದು ಬದಿಗೆ 4 ಮೀಟರ್ ಗುರುತಿಸಿ. ಆ ಎರಡು ಗುರುತುಗಳ ನಡುವೆ ಸರಿಯಾಗಿ 5 ಮೀಟರ್ ಬಂದರೆ ಮೂಲೆ ನೇರವಾಗಿದೆ. ಎರಡೂ ಬದಿಗಳನ್ನು 20 ಮೀಟರಿಗೆ ಎಳೆಯಿರಿ. ಕೊನೆಗೆ ಕರ್ಣ ಅಳೆಯಿರಿ: 28 ಮೀಟರ್ 28 ಸೆಂಟಿಮೀಟರ್ ಇರಬೇಕು.

ನಮ್ಮದು ಗುಡ್ಡದ ಸೀಮೆ. ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ತಾಗಿಸಿ ಹಾಸಿದರೆ ಚೌಕ ಕಿರಿದಾಗುತ್ತದೆ. ಟೇಪು ಅಡ್ಡಲಾಗಿ ಸಮಮಟ್ಟದಲ್ಲಿರಬೇಕು. ಐದೈದು ಮೀಟರಿನ ಮೆಟ್ಟಿಲುಗಳಾಗಿ ಇಳಿಯುತ್ತ, ಟೇಪಿನ ತುದಿಯಿಂದ ತೂಗುಗುಂಡು ಬಿಟ್ಟು ನೆಲದ ಬಿಂದು ಹಿಡಿಯಿರಿ.

ಮೂಲೆಗಳಿಗೆ ಮರದ ಗೂಟ ಸಾಲದು, ಎರಡು ಮಳೆಗಾಲಕ್ಕೆ ಗೆದ್ದಲು ಮುಗಿಸುತ್ತದೆ. ಮುರಕಲ್ಲಿನ ತುಂಡನ್ನು ಅರ್ಧ ಹೂತು ನಿಲ್ಲಿಸಿ. ಮೊಬೈಲಿನಲ್ಲಿ ಜಿಪಿಎಸ್ ಬಿಂದು ಬರೆದುಕೊಳ್ಳಬಹುದು, ಆದರೆ ದಟ್ಟ ಮರಗಳಡಿಯಲ್ಲಿ ಅದು ಹಲವು ಮೀಟರ್ ತಪ್ಪುತ್ತದೆ. ಆದ್ದರಿಂದ ನಾಗನ ಕಟ್ಟೆಯಿಂದಲೋ ಸುರಂಗದ ಬಾಯಿಯಿಂದಲೋ ಎಷ್ಟು ಮೀಟರ್, ಯಾವ ದಿಕ್ಕಿಗೆ ಎಂದು ಪುಸ್ತಕದಲ್ಲಿ ಬರೆದು ನಕ್ಷೆ ಬಿಡಿಸಿ. ಮುಂದಿನ ಸಲ ಬರುವವರು ನೀವೇ ಆಗಿರಬೇಕೆಂದಿಲ್ಲ.

ಅಳೆಯುವುದು: ಇಲ್ಲಿ ಅವಸರ ಬೇಡ

ಸುತ್ತಳತೆ 10 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿರುವ ಎಲ್ಲ ಕಾಂಡಗಳನ್ನೂ ಅಳೆಯಿರಿ. ಈ ಮಿತಿಯನ್ನು ಮುಂದೆ ಬದಲಿಸಬಾರದು. ಬದಲಿಸಿದರೆ ಹಳೆಯ ಲೆಕ್ಕ, ಹೊಸ ಲೆಕ್ಕ ಒಂದಕ್ಕೊಂದು ಹೊಂದುವುದಿಲ್ಲ.

ಅಳತೆಯ ಎತ್ತರ ನೆಲದಿಂದ 1.30 ಮೀಟರ್. ಎದೆಮಟ್ಟ ಎಂದು ಹೇಳುತ್ತಾರೆ, ಆದರೆ ಎದೆಯನ್ನು ನಂಬಬೇಡಿ. ನಮ್ಮ ಕುಟುಂಬದ ಬನ ಮುಳ್ಳೇರಿಯದ ಕಡೆ, ಅಡಕೆ ತೋಟದ ತಲೆಯ ಮೇಲಿದೆ. ಅಲ್ಲಿ ಮೊದಲ ಗಣತಿಯಲ್ಲಿ ನಾನೇ ಅಳೆದೆ, ಮರದ ಮೇಲೆ ಗುರುತು ಹಾಕಲಿಲ್ಲ. ಐದು ವರ್ಷದ ನಂತರ ಅಳೆದವನು ನನಗಿಂತ ಗೇಣುದ್ದ ಎತ್ತರದ ಅಳಿಯ. ದೊಡ್ಡ ರೆಂಜದ ಮರ ಮೂರು ಸೆಂಟಿಮೀಟರ್ ಸಣ್ಣದಾಗಿತ್ತು! ಮರ ಕುಗ್ಗಿರಲಿಲ್ಲ, ಅಳತೆಯ ಜಾಗ ಮೇಲೇರಿತ್ತು. ಆ ಮರದ ಐದು ವರ್ಷದ ಬೆಳವಣಿಗೆ ನಮಗೆ ಎಂದೆಂದಿಗೂ ಸಿಗದೆ ಹೋಯಿತು. ಇಂದಿಗೂ ಅದು ನನ್ನನ್ನು ಕಾಡುತ್ತದೆ.

ಆದ್ದರಿಂದ ಅಡಕೆಯ ಸಲಾಕೆಯೊಂದನ್ನು ಸರಿಯಾಗಿ 1.30 ಮೀಟರಿಗೆ ಕತ್ತರಿಸಿಟ್ಟುಕೊಳ್ಳಿ. ತರಗೆಲೆ ಸರಿಸಿ ಗಟ್ಟಿ ನೆಲಕ್ಕೆ ಊರಿ, ಅದರ ತುದಿಯಲ್ಲಿ ಟೇಪು ಸುತ್ತಿ. ಇಳಿಜಾರಿನಲ್ಲಿ ಮರದ ಮೇಲ್ಬದಿಗೆ ನಿಂತು ಅಳೆಯಬೇಕು. ವಾಲಿದ ಮರಕ್ಕೆ, ವಾಲಿದ ಕಡೆಯಿಂದ ಕಾಂಡದ ಉದ್ದಕ್ಕೇ ಸಲಾಕೆ ಹಿಡಿಯಿರಿ. ಬುಡದಲ್ಲಿ ಹಲಗೆಬೇರು ಎದ್ದಿರುವ ಮರವಾದರೆ, ಬೇರು ಮುಗಿದಲ್ಲಿಂದ ಅರ್ಧ ಮೀಟರ್ ಮೇಲೆ ಅಳೆದು, ಆ ಎತ್ತರವನ್ನು ತಪ್ಪದೆ ಬರೆಯಿರಿ. ಬಳ್ಳಿ ಅಡ್ಡ ಬಂದರೆ ಕಡಿಯಬೇಡಿ, ಟೇಪನ್ನು ಅದರ ಕೆಳಗಿನಿಂದ ತೂರಿಸಿ. ಒಂದೇ ಬುಡದಿಂದ ನಾಲ್ಕು ಕಾಂಡ ಎದ್ದಿದ್ದರೆ ನಾಲ್ಕನ್ನೂ ಬೇರೆ ಬೇರೆಯಾಗಿ ಅಳೆಯಿರಿ. ಟೈಲರ್ ಟೇಪು ಎಳೆದಷ್ಟು ಹಿಗ್ಗುತ್ತದೆ, ಫೈಬರ್‌ಗ್ಲಾಸಿನದು ತನ್ನಿ. ಅಳೆದ ಜಾಗದಲ್ಲಿ ಬಣ್ಣದ ತೆಳುವಾದ ಗೆರೆ ಎಳೆದು ಮುಂದೆ ಹೋಗಿ. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ.

ಸಂಖ್ಯೆಯ ಬಿಲ್ಲೆಗೆ ಅಲ್ಯೂಮಿನಿಯಂ ತಗಡು ಒಳ್ಳೆಯದು. ನಮ್ಮ ಉಪ್ಪುಗಾಳಿಗೆ, ಮಳೆಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಮೊಳೆಯ ಬದಲು ಗಾಳದ ನೈಲಾನ್ ದಾರದಿಂದ ಕಟ್ಟಿ. ದಾರ ಮರಕ್ಕಿಂತ ಗೇಣು ದೊಡ್ಡದಾಗಿರಲಿ, ಬಿಗಿದು ಕಟ್ಟಿದರೆ ಮರ ದಪ್ಪವಾದಂತೆ ತೊಗಟೆಯೊಳಗೆ ಕೊರೆಯುತ್ತದೆ.

ಗಣತಿಗೆ ಒಂದೇ ತಿಂಗಳು ಆರಿಸಿಕೊಳ್ಳಿ. ಮಳೆಯಲ್ಲಿ ಕಾಂಡ ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ತುಸು ಇಳಿಯುತ್ತದೆ. ನಾವು ಜನವರಿಯಲ್ಲಿ ಮಾಡುತ್ತೇವೆ.

ಹೆಸರು ಹಿಡಿಯುವುದು

ಏಳು ಭಾಷೆಗಳ ನಾಡಿನಲ್ಲಿ ಇದು ಸುಲಭವಲ್ಲ. ನನ್ನ ತಾಯಿ ರೆಂಜ ಎನ್ನುವ ಮರವನ್ನು ಪಕ್ಕದ ಮನೆಯವರು ಇಲಞಿ ಎನ್ನುತ್ತಾರೆ, ಪಂಡಿತರು ಬಕುಳ ಎನ್ನುತ್ತಾರೆ. ಒಂದೇ ಹೆಸರಿನಿಂದ ಎರಡು ಮರಗಳನ್ನು ಕರೆಯುವುದೂ ಉಂಟು. ಊರ ಹೆಸರುಗಳನ್ನೆಲ್ಲ ಬರೆಯಿರಿ, ಅವು ಅಮೂಲ್ಯ. ಪಕ್ಕದಲ್ಲಿ ಸಸ್ಯಶಾಸ್ತ್ರೀಯ ಹೆಸರೂ ಇರಲಿ. ರೆಂಜ ಎಂದರೆ ಮೈಮುಸೋಪ್ಸ್ ಎಲೆಂಗಿ ಎಂದು ಬರೆದರೆ ಪನಾಮದವರಿಗೂ ತಿಳಿಯುತ್ತದೆ.

ಗುರುತು ತಪ್ಪಿದರೆ ಏನಾಗಬಹುದು ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಆಟಿ ಅಮಾವಾಸ್ಯೆಯ ಕತ್ತಲಲ್ಲಿ, ಕುಡಿಯುವ ಮದ್ದಿಗಾಗಿ ಪಾಲೆಯ ಕೆತ್ತೆ (ತೊಗಟೆ) ತರಲು ಹೋಗುವವರಿಗೆ ಮರವನ್ನು ಹಗಲಲ್ಲೇ ನೋಡಿಟ್ಟುಕೊಳ್ಳಿ ಎನ್ನುತ್ತಿದ್ದರು. ಪಾಲೆಯೆಂದು ಕಾಸರಕನ ಕೆತ್ತೆ ತಂದರೆ ಅದರಲ್ಲಿರುವ ವಿಷ ಪ್ರಾಣಕ್ಕೇ ಎರವಾಗುತ್ತದೆ. ಪಾಲೆಯ ಎಲೆಗಳು ಗೆಣ್ಣಿನ ಸುತ್ತ ಛತ್ರಿಯಂತೆ ಹರಡಿರುತ್ತವೆ, ಸಾಮಾನ್ಯವಾಗಿ ಏಳು. ಗಾಯವಾದರೆ ಹಾಲು ಸುರಿಯುತ್ತದೆ. ಕಾಸರಕನ ಎಲೆಗಳು ಎದುರುಬದುರು ಜೋಡಿಯಾಗಿದ್ದು, ಬುಡದಿಂದಲೇ ಮೂರೋ ಐದೋ ನರಗಳು ಹೊರಡುತ್ತವೆ. ಎಲೆಯ ಜೋಡಣೆ, ಹಾಲು, ತೊಗಟೆ, ವಾಸನೆ: ಈ ನಾಲ್ಕನ್ನು ನೋಡುವ ಅಭ್ಯಾಸವಾದರೆ ಬನದ ಅರ್ಧ ಮರಗಳು ಪರಿಚಯವಾಗುತ್ತವೆ. ಒಂದು ಎಚ್ಚರ: ಚೇರೆ ಮರದ ಸೊನೆ ತಾಗಿದರೆ ಮೈಮೇಲೆ ಬೊಕ್ಕೆ ಏಳುತ್ತದೆ. ಅದನ್ನು ಬಲ್ಲವರೊಬ್ಬರು ಜೊತೆಗಿರಲಿ.

ಗೊತ್ತಾಗದ ಮರಕ್ಕೆ ಊಹೆಯ ಹೆಸರು ಬೇಡ. ‘ಅಪರಿಚಿತ 1’, ‘ಅಪರಿಚಿತ 2’ ಎಂದು ಬರೆದು, ಎಲೆಯ ಎರಡೂ ಮೈಗಳ ಫೋಟೊ ತೆಗೆಯಿರಿ. ಒಪ್ಪಿಗೆ ಇದ್ದರೆ ಬಿದ್ದ ರೆಂಬೆಯೊಂದನ್ನು ಹಳೆಯ ಪತ್ರಿಕೆಯ ನಡುವೆ ಒತ್ತಿಟ್ಟು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ತೋರಿಸಿ. ಅಪರಿಚಿತ ಎಂದು ಬರೆಯುವುದರಲ್ಲಿ ಅವಮಾನವಿಲ್ಲ. ಭೂಮಿಯ ಮೇಲೆ ಸುಮಾರು 73,000 ಜಾತಿಯ ಮರಗಳಿರಬಹುದು, ಅವುಗಳಲ್ಲಿ 9,000ದಷ್ಟಕ್ಕೆ ವಿಜ್ಞಾನ ಇನ್ನೂ ಹೆಸರಿಟ್ಟಿಲ್ಲ ಎಂದು 2022ರಲ್ಲಿ ಪ್ರಕಟವಾದ ಅಂದಾಜೊಂದು ಹೇಳುತ್ತದೆ.

ಮೂಲೆಯ ಸಣ್ಣ ಚೌಕ

ಇದನ್ನು ಬಿಟ್ಟುಬಿಡುವವರೇ ಹೆಚ್ಚು. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ. ತಾಕಿನ ಒಂದು ಮೂಲೆಯಲ್ಲಿ 5 ಮೀಟರಿನ ಚೌಕ ಹಾಕಿ, ಅದರೊಳಗಿನ ಮರಿಗಿಡಗಳನ್ನೆಲ್ಲ ಜಾತಿವಾರು ಎಣಿಸಿ. ದೊಡ್ಡ ಮರಗಳು ನಿಂತಿರುವ ಬನ ಹೊರಗಿನಿಂದ ಸಮೃದ್ಧವಾಗಿಯೇ ಕಾಣುತ್ತದೆ. ಒಳಗೆ ಧೂಪದ, ಹಾಲೆಯ, ಹೆಬ್ಬಲಸಿನ ಒಂದು ಮರಿಯೂ ಇಲ್ಲದೆ ಹೋಗಿದ್ದರೆ, ಆ ಜಾತಿಗೆ ಅಲ್ಲಿ ಮುಂದಿನ ತಲೆಮಾರು ಇಲ್ಲ. ಸುತ್ತಲೂ ರಬ್ಬರ್ ಬಂದು, ಬೀಜ ತರುವ ಹಕ್ಕಿಗಳು ಕಡಿಮೆಯಾಗಿ, ಬುಡಕ್ಕೆಲ್ಲ ಇಂಟರ್‌ಲಾಕ್ ಹಾಸಿದ ಬನಗಳಲ್ಲಿ ಇದು ಕಣ್ಣಿಗೆ ರಾಚುತ್ತದೆ.

ಮರಿಗಿಡ ತಾಯಿಮರದಿಂದ ಎಷ್ಟು ದೂರದಲ್ಲಿದೆ ಎಂಬುದನ್ನೂ ಬರೆಯಿರಿ. 1970ರಲ್ಲಿ ಡೇನಿಯಲ್ ಜಾನ್ಜೆನ್, 1971ರಲ್ಲಿ ಜೋಸೆಫ್ ಕಾನೆಲ್ ಎಂಬ ವಿಜ್ಞಾನಿಗಳು ಒಂದು ವಿಚಾರ ಮುಂದಿಟ್ಟರು. ಒಂದೊಂದು ಜಾತಿಯ ಮರಕ್ಕೂ ಅದನ್ನೇ ಹುಡುಕಿ ತಿನ್ನುವ ಹುಳು, ಶಿಲೀಂಧ್ರಗಳಿರುತ್ತವೆ. ಅವು ತಾಯಿಮರದ ಅಡಿಯಲ್ಲಿ ತುಂಬಿರುವುದರಿಂದ ಅಲ್ಲಿ ಬಿದ್ದ ಬೀಜಗಳು ಹೆಚ್ಚಾಗಿ ಸಾಯುತ್ತವೆ, ಜಾಗ ಬೇರೆ ಜಾತಿಗೆ ತೆರವಾಗುತ್ತದೆ. ಉಷ್ಣವಲಯದ ಕಾಡಿನಲ್ಲಿ ಇಷ್ಟೊಂದು ಜಾತಿಗಳು ಒಟ್ಟಿಗೆ ಬಾಳುವುದಕ್ಕೆ ಇದೊಂದು ಕಾರಣ ಎಂಬುದಕ್ಕೆ ಬಾರೋ ಕೊಲೊರಾಡೋದ ಸಸಿಗಳ ಲೆಕ್ಕ ಬಲವಾದ ಆಧಾರ ಕೊಟ್ಟಿತು. ನಿಮ್ಮ ಬನದ ರೆಂಜದ ಮರಿಗಳು ತಾಯಿಯ ಬುಡದಲ್ಲಿ ಉಳಿಯುತ್ತವೆಯೇ, ಬೇಲಿಯಂಚಿನಲ್ಲಿಯೇ? ನೋಡಿ ಬರೆಯಬಹುದಾದ ಪ್ರಶ್ನೆ ಇದು.

ಲೆಕ್ಕ ಮತ್ತು ಅದರ ಮಿತಿ

ಎಷ್ಟು ಜಾತಿ, ಪ್ರತಿ ಜಾತಿಯಲ್ಲಿ ಎಷ್ಟು ಮರ, ಎಷ್ಟು ಸತ್ತವು, ಎಷ್ಟು ಹೊಸದಾಗಿ 10 ಸೆಂಟಿಮೀಟರ್ ದಾಟಿದವು: ಈ ನಾಲ್ಕು ಸಾಕು. ಉಷ್ಣವಲಯದ ಕಾಡಿನಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ನೂರಕ್ಕೆ ಒಂದೆರಡು ಮರಗಳು ಸಾಯುತ್ತವೆ. ನಿಮ್ಮ ಚೌಕದಲ್ಲಿ 80 ಮರಗಳಿದ್ದು, ಐದು ವರ್ಷದಲ್ಲಿ ಆರು ಸತ್ತಿದ್ದರೆ ಗಾಬರಿಪಡಬೇಕಿಲ್ಲ. ಒಂದು ಬನದ ಲೆಕ್ಕದಿಂದ ದೊಡ್ಡ ತೀರ್ಮಾನಕ್ಕೆ ಹಾರಲೂ ಬಾರದು. ಅಪರೂಪದ ಜಾತಿಗಳು ಹೇಗಿವೆ ಎಂದು ತಿಳಿಯಲು ವಿಜ್ಞಾನಿಗಳಿಗೆ 50 ಹೆಕ್ಟೇರ್ ಬೇಕಾದದ್ದು ಈ ಕಾರಣಕ್ಕೇ. ಬದಿಯಡ್ಕ, ಪೆರ್ಲ, ಅಡೂರು ಕಡೆಯ ಹತ್ತಿಪ್ಪತ್ತು ಬನಗಳಲ್ಲಿ ಒಂದೇ ಕ್ರಮದಿಂದ ಅಳೆದು ಒಟ್ಟುಗೂಡಿಸಿದರೆ ಮಾತಿಗೆ ತೂಕ ಬರುತ್ತದೆ.

ಪುಸ್ತಕದ ಮೂರು ಪ್ರತಿ ಮಾಡಿ. ಒಂದು ಮನೆಯಲ್ಲಿರಲಿ, ಒಂದು ಊರಿನ ಶಾಲೆ ಅಥವಾ ವಾಚನಾಲಯದಲ್ಲಿ. ಮೂರನೆಯದನ್ನು ಪಂಚಾಯತಿನ ಜೈವಿಕ ವೈವಿಧ್ಯ ನಿರ್ವಹಣಾ ಸಮಿತಿಗೆ ಕೊಡಿ. 2002ರ ಜೈವಿಕ ವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯತಿನಲ್ಲಿಯೂ ಈ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆಯನ್ನು ಅದು ಇಟ್ಟುಕೊಳ್ಳಬೇಕು. ಅಪರೂಪದ ಗಿಡಮೂಲಿಕೆ ಎಲ್ಲಿದೆ ಎಂಬ ವಿವರವನ್ನು ಮಾತ್ರ ಮನೆಯವರ ಒಪ್ಪಿಗೆಯಿಲ್ಲದೆ ಹೊರಗೆ ಕೊಡಬೇಡಿ.

ಮರುಗಣತಿಗೆ ಹೋದಾಗ ಹಳೆಯ ಪಟ್ಟಿ ಹಿಡಿದು ಪ್ರತಿಯೊಂದು ಸಂಖ್ಯೆಯನ್ನೂ ಹುಡುಕಿ. ಇದೆ, ಸತ್ತು ನಿಂತಿದೆ, ಬಿದ್ದಿದೆ, ಕಾಣುತ್ತಿಲ್ಲ ಎಂಬುದರಲ್ಲಿ ಒಂದನ್ನು ಬರೆಯಿರಿ. ಬಿಲ್ಲೆ ಉದುರಿದ್ದರೆ ಅದೇ ಸಂಖ್ಯೆಯ ಹೊಸ ಬಿಲ್ಲೆ ಕಟ್ಟಿ. ಸತ್ತ ಮರದ ಸಂಖ್ಯೆಯನ್ನು ಮಾತ್ರ ಯಾವ ಹೊಸ ಗಿಡಕ್ಕೂ ಕೊಡಬಾರದು. ನಮ್ಮ ಬನದಲ್ಲಿ ಮೊದಲ ಸಲ 86 ಮರಗಳಿದ್ದವು. 41ನೆಯದು, ಕಟ್ಟೆಯ ಪಕ್ಕದ ಮುದಿ ಪಾಲೆ, ಎರಡನೆಯ ಗಣತಿಯ ಹೊತ್ತಿಗೆ ಬುಡಮೇಲಾಗಿ ಬಿದ್ದಿತ್ತು. ಅದು ತೆರವು ಮಾಡಿದ ಬಿಸಿಲಿನಲ್ಲಿ ಎರಡು ಕಾಸರಕನ ಗಿಡಗಳು 10 ಸೆಂಟಿಮೀಟರ್ ದಾಟಿದ್ದವು. ಅವುಗಳಿಗೆ 87, 88 ಎಂದು ಬಿಲ್ಲೆ ಕಟ್ಟಿ, ಮರುದಿನ ಮೂರೂ ಪುಸ್ತಕಗಳಲ್ಲಿ ಬರೆದೆವು.