ಕಾಲೇಜು ಪಂದ್ಯಕ್ಕೆ ಮಕ್ಕಳನ್ನು ಕರೆದೊಯ್ಯುತ್ತೀರಾ? ಕುಸ್ತಿಯಿಂದ ಶುರುಮಾಡಿ

ಅಮೆರಿಕಕ್ಕೆ ಬಂದ ಹೊಸತರಲ್ಲಿ ನಾವು ಮಾಡಿಕೊಂಡ ಎಡವಟ್ಟನ್ನೇ ಮೊದಲು ಹೇಳಿಬಿಡುತ್ತೇನೆ. ಆಗ ಬೇರೊಂದು ರಾಜ್ಯದಲ್ಲಿದ್ದೆವು. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಶನಿವಾರದ ಕಾಲೇಜು ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ). ನಾವೂ ಹುರುಪಿನಲ್ಲಿ ಟಿಕೆಟ್ ತೆಗೆದೆವು. ಮಗನಿಗೆ ಮೂರು ವರ್ಷ, ಮಗಳಿಗೆ ಏಳು. ಡೈಪರು, ಬಿಸ್ಕತ್ತು, ಮೊಸರನ್ನದ ಡಬ್ಬಿ ತುಂಬಿದ ಬ್ಯಾಗನ್ನು ಗೇಟಿನಲ್ಲಿ ತಡೆದರು. ಕಾರು ನಿಲ್ಲಿಸಿದ್ದು ಒಂದೂವರೆ ಮೈಲಿ ಆಚೆ. ನಮ್ಮ ಯಜಮಾನರು ಅದನ್ನು ಇಟ್ಟು ಬರುವಷ್ಟರಲ್ಲಿ ಮೊದಲ ಕ್ವಾರ್ಟರ್, ಅಂದರೆ ಆಟದ ಕಾಲು ಭಾಗ, ಮುಗಿದಿತ್ತು. ಆಮೇಲೆ ಟಚ್‌ಡೌನ್, ಅಂದರೆ ಚೆಂಡು ಎದುರಾಳಿಯ ಗಡಿ ದಾಟಿ ಅಂಕ ಬಂತೆಂದು ತೋಪು ಹಾರಿಸಿದರು ನೋಡಿ, ಮಗ ಕಿಟಾರನೆ ಕಿರುಚಿಕೊಂಡವನು ಕಾರು ಹತ್ತುವವರೆಗೂ ಸುಮ್ಮನಾಗಲಿಲ್ಲ.

ಈಗ ಅಯೋವಾದಲ್ಲಿದ್ದೇವೆ. ವರ್ಷಕ್ಕೆ ಏಳೆಂಟು ಪಂದ್ಯ ನೋಡುತ್ತೇವೆ, ಅಳು ಇಲ್ಲ. ಊರಿಂದ ಅಪ್ಪ ಬಂದಾಗ ಅವರೂ ಜೊತೆಗೆ.

ಆಟ ಆರಿಸುವುದೇ ಅರ್ಧ ಕೆಲಸ

ಫುಟ್‌ಬಾಲನ್ನು ಕೊನೆಗೆ ಇಟ್ಟುಕೊಳ್ಳಿ. ಗಡಿಯಾರದಲ್ಲಿ ಅರವತ್ತು ನಿಮಿಷದ ಆಟ, ಮುಗಿಯುವುದಕ್ಕೆ ಮೂರೂವರೆ ಗಂಟೆ ಬೇಕು. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1,07,601 ಜನ ಹಿಡಿಯುತ್ತಾರೆ. ಅಷ್ಟು ಜನರ ನಡುವೆ ಐದು ವರ್ಷದ ಮಗುವಿಗೆ ಕಾಣುವುದು ಮುಂದೆ ನಿಂತವರ ಬೆನ್ನು ಮಾತ್ರ.

ನನ್ನ ಕೇಳಿದರೆ ಕುಸ್ತಿಯಿಂದ ಶುರುಮಾಡಿ. ಹೌದು, ಇಲ್ಲಿಯ ಕಾಲೇಜುಗಳಲ್ಲೂ ಕುಸ್ತಿ ಇದೆ. ಅಯೋವಾದಲ್ಲಂತೂ ಅದರ ಹುಚ್ಚೇ ಇದೆ. ನಮ್ಮಪ್ಪ ದಾವಣಗೆರೆಯವರು, ಗರಡಿಮನೆಯ ಕೆಂಪುಮಣ್ಣು ನೋಡಿ ಬೆಳೆದವರು. ಬೇಸ್‌ಬಾಲ್ ತೋರಿಸಿದಾಗ ಅವರು ಮರ್ಯಾದೆಗೆ ತಲೆಯಾಡಿಸಿ, ಮೂರನೇ ಇನಿಂಗ್ಸಿಗೆ ನಿದ್ದೆಹೋಗಿದ್ದರು. ಅಯೋವಾ ಸಿಟಿಯಲ್ಲಿ ಅಯೋವಾ ವಿಶ್ವವಿದ್ಯಾಲಯದ ಒಳಾಂಗಣ ಕ್ರೀಡಾಂಗಣವಾದ ಕಾರ್ವರ್-ಹಾಕೈ ಅರೀನಾದಲ್ಲಿ ಕುಸ್ತಿಗೆ ಕೂರಿಸಿದ ಮೇಲೆ ಮಾತ್ರ ಅವರನ್ನು ಹಿಡಿಯುವವರಿಲ್ಲ. ಒಬ್ಬ ಹುಡುಗ ಎದುರಾಳಿಯ ಎರಡೂ ಭುಜ ಮ್ಯಾಟಿಗೆ ಒತ್ತಿ ಹಿಡಿದ. ಎರಡೂ ಭುಜ ಒಂದು ಸೆಕೆಂಡು ನೆಲಕ್ಕೆ ಅಂಟಿದರೆ ಮುಗಿಯಿತು, ರೆಫ್ರಿ ಅಂಗೈಯಿಂದ ಮ್ಯಾಟಿಗೆ ಪಟ್ಟನೆ ಬಾರಿಸುತ್ತಾನೆ. ಇಲ್ಲಿಯವರು ಅದಕ್ಕೆ ಪಿನ್ ಅನ್ನುತ್ತಾರೆ. ಅಪ್ಪ ಎದ್ದು ನಿಂತು, "ಚಿತ್! ಚಿತ್ ಮಾಡಿದ ನೋಡವ್ವಾ!" ಎಂದು ಮೊಮ್ಮಗಳ ಭುಜ ಅಲುಗಾಡಿಸಿದರು. ಮುಂದಿನ ಕುಸ್ತಿಗೆ ಅವಳೂ "ಅಜ್ಜಾ, ಚಿತ್ ಆಗ್ತಾನಾ?" ಎಂದು ಕೇಳತೊಡಗಿದಳು.

ಮಕ್ಕಳಿಗೆ ಇದು ಹೇಳಿಮಾಡಿಸಿದ ಆಟ. ಎರಡು ಕಾಲೇಜುಗಳ ಪಂದ್ಯವೆಂದರೆ 125 ಪೌಂಡಿನಿಂದ 285ರವರೆಗೆ ಹತ್ತು ತೂಕದ ಹತ್ತು ಜೋಡಿಗಳು. ಒಂದೊಂದು ಜೋಡಿಗೆ ಹೆಚ್ಚೆಂದರೆ ಏಳು ನಿಮಿಷ, ಮೂರು, ಎರಡು, ಎರಡು ಎಂದು ಹಂಚಿದ್ದು. ಬೇಸರ ಬರುವಷ್ಟರಲ್ಲಿ ಹೊಸ ಜೋಡಿ ಮ್ಯಾಟಿಗೆ ಇಳಿದಿರುತ್ತದೆ. ಲೆಕ್ಕ ಬರೆಯಲು ಮಗಳ ಕೈಗೆ ಒಂದು ಪುಸ್ತಕ ಕೊಡಿ: ಸಾಧಾರಣ ಗೆಲುವಿಗೆ ತಂಡಕ್ಕೆ 3 ಅಂಕ, ಚಿತ್ ಮಾಡಿದರೆ 6. ಕಾರ್ವರ್-ಹಾಕೈ ಹೊರಗೆ ಕುಸ್ತಿಪಟು ಡ್ಯಾನ್ ಗೇಬಲ್ ಅವರ ಕಂಚಿನ ಪ್ರತಿಮೆ ಇದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಎದುರಾಳಿಗಳಿಗೆ ಒಂದೂ ಅಂಕ ಬಿಟ್ಟುಕೊಡದೆ ಚಿನ್ನ ಗೆದ್ದವರು, ಆಮೇಲೆ ಕೋಚ್ ಆಗಿ ಅಯೋವಾ ವಿಶ್ವವಿದ್ಯಾಲಯಕ್ಕೆ 15 ರಾಷ್ಟ್ರೀಯ ಪ್ರಶಸ್ತಿ ತಂದವರು. ಫೋಟೊಕ್ಕೆ ಐದು ನಿಮಿಷ ಇಟ್ಟುಕೊಳ್ಳಿ.

ನೀವಿರುವ ಊರಲ್ಲಿ ಕುಸ್ತಿ ಇಲ್ಲವೇ? ಹಾಗಾದರೆ ವಾಲಿಬಾಲ್. ಹೈಸ್ಕೂಲು ಮೈದಾನದಲ್ಲಿ ಸಂಜೆ ನೆಟ್ ಕಟ್ಟಿ ಆಡದ ಊರು ನಮ್ಮಲ್ಲಿ ಯಾವುದಿದೆ? ಅಜ್ಜ-ಅಜ್ಜಿಗೆ ನಿಯಮ ವಿವರಿಸುವ ಗೋಜಿಲ್ಲ, ನಾವು ಸ್ಮ್ಯಾಶ್ ಅನ್ನುವುದಕ್ಕೆ ಇಲ್ಲಿ ಕಿಲ್ ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ. ತಂಡದಲ್ಲಿ ಒಬ್ಬಳು ಮಾತ್ರ ಬೇರೆ ಬಣ್ಣದ ಅಂಗಿ ಯಾಕೆ ತೊಟ್ಟಿದ್ದಾಳೆ ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಅವಳು ಲಿಬೆರೊ, ಹಿಂದೆ ನಿಂತು ಚೆಂಡು ಎತ್ತುವುದು ಅವಳ ಕೆಲಸ, ಸ್ಮ್ಯಾಶ್ ಹೊಡೆಯುವ ಹಾಗಿಲ್ಲ. ಕಾಲೇಜು ವಾಲಿಬಾಲ್ ಅಂದರೆ ಇಲ್ಲಿ ಬಹುಮಟ್ಟಿಗೆ ಹುಡುಗಿಯರದೇ ಆಟ. ಹಾಗಂತ ಸಣ್ಣದೆಂದು ತಿಳಿಯಬೇಡಿ. 2023ರ ಆಗಸ್ಟ್ 30ರಂದು ನೆಬ್ರಾಸ್ಕಾದಲ್ಲಿ ಫುಟ್‌ಬಾಲ್ ಮೈದಾನದಲ್ಲೇ ನೆಟ್ ಕಟ್ಟಿ ಆಡಿಸಿದಾಗ 92,003 ಜನ ಸೇರಿದ್ದರು.

ಹತ್ತಿರದಲ್ಲಿ ದೊಡ್ಡ ವಿಶ್ವವಿದ್ಯಾಲಯ ಇಲ್ಲದವರು ಕಾಲೇಜು ಕ್ರೀಡೆಯ ಮೂರು ದರ್ಜೆಗಳಲ್ಲಿ ಕೊನೆಯದಾದ ಮೂರನೇ ಡಿವಿಜನ್‌ನ ಸಣ್ಣ ಕಾಲೇಜು ಹುಡುಕಿ. ಅಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವ ಹಾಗಿಲ್ಲ, ಆಸೆಗೆ ಆಡುವವರೇ ಎಲ್ಲ. ಟಿಕೆಟ್ ಇದ್ದರೂ ಅಗ್ಗ, ಎಷ್ಟೋ ಕಡೆ ಪುಕ್ಕಟೆ.

ಟಿಕೆಟ್, ಬ್ಯಾಗ್

ಸೀಟು ಆರಿಸುವಾಗ ಸಾಲಿನ ತುದಿಯದು ಹಿಡಿಯಿರಿ. ಸೂಸೂ ಬಂತು ಎಂದಾಗ ಹನ್ನೆರಡು ಜನರ ಮೊಣಕಾಲು ದಾಟುವುದು ತಪ್ಪುತ್ತದೆ. ವಿದ್ಯಾರ್ಥಿಗಳ ಗ್ಯಾಲರಿಯಿಂದ ದೂರ ಇರಿ, ಅಲ್ಲಿ ಆಟ ಮುಗಿಯುವವರೆಗೆ ಯಾರೂ ಕೂರುವುದಿಲ್ಲ. ಬ್ಯಾಂಡಿನ ಡ್ರಮ್ಮು ಎತ್ತ ಕೂರುತ್ತದೆಂದೂ ನೋಡಿಕೊಳ್ಳಿ. ಟಿಕೆಟ್ ಈಗ ಫೋನಿನಲ್ಲೇ ಬರುತ್ತದೆ. ಗೇಟಿನ ಬಳಿ ಸಾವಿರಾರು ಜನ ಸೇರಿದಾಗ ನೆಟ್‌ವರ್ಕ್ ಕೈಕೊಡುತ್ತದೆ, ಮನೆಯಲ್ಲೇ ಫೋನಿನ ವಾಲೆಟ್ ಆ್ಯಪಿಗೆ ಇಳಿಸಿಕೊಳ್ಳಿ. ಫೋನ್ ಚಾರ್ಜ್ ಆಗಿದೆಯೇ ನೋಡಿ, ಅದೇ ಸತ್ತರೆ ನಾಲ್ಕೂ ಜನ ಹೊರಗೆ.

ಬ್ಯಾಗಿನ ವಿಷಯಕ್ಕೆ ಬಂದರೆ ನಾನು ಪಂಡಿತೆ! ಬಹಳಷ್ಟು ಕ್ರೀಡಾಂಗಣಗಳು ಪಾರದರ್ಶಕ ಬ್ಯಾಗನ್ನು ಮಾತ್ರ ಬಿಡುತ್ತವೆ, ಸಾಮಾನ್ಯವಾಗಿ 12 ಇಂಚು ಉದ್ದ, 12 ಇಂಚು ಎತ್ತರ, 6 ಇಂಚು ಅಗಲದ ಒಳಗಿನದು. ಅದಿಲ್ಲದಿದ್ದರೆ ಒಂದು ಗ್ಯಾಲನ್‌ನ ಜಿಪ್ ಕವರ್ ನಡೆಯುತ್ತದೆ. ಡೈಪರ್ ಬ್ಯಾಗಿಗೆ, ನೀರಿನ ಬಾಟಲಿಗೆ ಒಂದೊಂದು ಕಡೆ ಒಂದೊಂದು ನಿಯಮ. ಹಿಂದಿನ ರಾತ್ರಿ ಆ ಕ್ರೀಡಾಂಗಣದ ವೆಬ್‌ಸೈಟಿನಲ್ಲಿ ಓದಿಕೊಳ್ಳಿ. ಆ ಕವರಿನೊಳಗೆ: ಒದ್ದೆ ಟಿಶ್ಯೂ, ಒಂದು ಜೊತೆ ಬಟ್ಟೆ, ಕಿವಿಗೆ ಹಾಕುವ ಇಯರ್‌ಮಫ್. ಇಯರ್‌ಮಫ್ ಮರೆಯಬೇಡಿ, ಒಳಾಂಗಣದಲ್ಲಿ ಸದ್ದು ಇನ್ನೂ ಜಾಸ್ತಿ. ಬಾಲ್ ಪೆನ್ನಿನಲ್ಲಿ ಮಗುವಿನ ಮುಂಗೈ ಮೇಲೆ ನಿಮ್ಮ ಫೋನ್ ನಂಬರ್ ಬರೆಯಿರಿ.

ಊಟ ಕಾರಿನ ಹತ್ತಿರವೇ

ಹೊರಗಿನ ತಿಂಡಿ ಹೆಚ್ಚಿನ ಕಡೆ ಒಳಗೆ ಬಿಡುವುದಿಲ್ಲ. ಒಳಗೆ ಸಿಗುವುದು ಪಾಪ್‌ಕಾರ್ನ್, ಹಾಟ್‌ಡಾಗ್, ಚೀಸ್ ಸುರಿದ ನಾಚೋಸ್, ಅದೂ ದುಬಾರಿ. ಇಲ್ಲಿಯವರೇ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ಫುಟ್‌ಬಾಲ್ ದಿನ ಬೆಳಗ್ಗೆಯೇ ಬಂದು, ಕಾರಿನ ಡಿಕ್ಕಿ ತೆಗೆದು, ಅಲ್ಲೇ ಒಲೆ ಹಚ್ಚಿ ಅಡುಗೆ ಮಾಡಿ, ಅಕ್ಕಪಕ್ಕದವರಿಗೂ ಬಡಿಸುತ್ತಾರೆ. ಟೇಲ್‌ಗೇಟಿಂಗ್ ಎನ್ನುತ್ತಾರೆ. ಎತ್ತಿನ ಗಾಡಿ ಬಿಚ್ಚಿ ಬುತ್ತಿ ಹರವುತ್ತಿದ್ದ ನಮ್ಮ ಜಾತ್ರೆಯೇ ಸರಿ. ಪುಳಿಯೋಗರೆ, ಚಪಾತಿ ರೋಲ್ ಒಯ್ಯಿರಿ. ಹೋದ ವರ್ಷ ಪಕ್ಕದ ಕಾರಿನ ಅಜ್ಜಿಯೊಬ್ಬರು ನಮ್ಮ ಖಾರ ಮಂಡಕ್ಕಿ ಎರಡು ಸಲ ಹಾಕಿಸಿಕೊಂಡು, ಬದಲಿಗೆ ಮಕ್ಕಳಿಗೆ ಬೇಯಿಸಿದ ಜೋಳದ ತೆನೆ ಕೊಟ್ಟರು. ಮಕ್ಕಳು ಮಾಂಸ ತಿನ್ನದಿದ್ದರೆ ಮೊದಲೇ ಹೇಳಿಬಿಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕೊನೆಗೆ ಫುಟ್‌ಬಾಲ್

ಎರಡು ವರ್ಷ ಹೀಗೆ ಪಳಗಿದ ಮೇಲೆ ಮಕ್ಕಳನ್ನು ಅಯೋವಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಮೈದಾನವಾದ ಕಿನ್ನಿಕ್ ಸ್ಟೇಡಿಯಮ್ಮಿಗೆ ಕರೆದೊಯ್ದೆವು. ನವೆಂಬರ್ ಚಳಿಗೆ ಅಲ್ಯೂಮಿನಿಯಂ ಬೆಂಚು ಮಂಜುಗಡ್ಡೆ, ಕೆಳಗೆ ಹಾಸಲು ದಪ್ಪ ಕಂಬಳಿ ಬೇಕು. ನಿಯಮ ಒಂದೇ ಹೇಳಿಕೊಡಿ: ನಾಲ್ಕು ಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಇನ್ನೂ ನಾಲ್ಕು ಯತ್ನ. ಉಳಿದದ್ದು ತಾನಾಗಿ ತಲೆಗೆ ಹತ್ತುತ್ತದೆ.

ಕಿನ್ನಿಕ್‌ಗೆ ಹೋಗುವವರು ಮೊದಲ ಕ್ವಾರ್ಟರ್ ಮುಗಿಯುವಾಗ ಸೀಟಿನಲ್ಲೇ ಇರಿ. ಪಕ್ಕದಲ್ಲೇ ವಿಶ್ವವಿದ್ಯಾಲಯದ ಮಕ್ಕಳ ಆಸ್ಪತ್ರೆ ಇದೆ, ಮೇಲಿನ ಮಹಡಿಯಿಂದ ಮೈದಾನ ಕಾಣುತ್ತದೆ. 2017ರಿಂದ ಪ್ರತಿ ಪಂದ್ಯದಲ್ಲೂ ಆ ಹೊತ್ತಿಗೆ ಸುಮಾರು ಎಪ್ಪತ್ತು ಸಾವಿರ ಜನ, ಆಟಗಾರರು, ಎದುರು ತಂಡದವರು, ರೆಫ್ರಿಗಳು, ಎಲ್ಲರೂ ಆ ಕಿಟಕಿಗಳತ್ತ ತಿರುಗಿ ಕೈಬೀಸುತ್ತಾರೆ. ಮಗ "ಅಲ್ಲಿ ಯಾರಿದ್ದಾರೆ?" ಎಂದ. ಹೇಳಿದೆ. ಒಂದು ಕೈಯಲ್ಲಿ ಪಾಪ್‌ಕಾರ್ನ್ ಇತ್ತು, ಅದನ್ನು ಅಕ್ಕನ ಮಡಿಲಿಗೆ ಹಾಕಿ ಎರಡೂ ಕೈ ಬೀಸಿದ.

ಹಾಫ್‌ಟೈಮಿನ ಬ್ಯಾಂಡ್ ನೋಡಿ, ಮೂರನೇ ಕ್ವಾರ್ಟರಿನ ನಡುವೆ ಹೊರಟುಬಿಡಿ. ಟಿಕೆಟ್ ದುಡ್ಡು ದಂಡವೆಂದು ಗಂಡಸರು ಗೊಣಗುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಪಂದ್ಯ ಮುಗಿದ ಮೇಲೆ ಹೊರಟರೆ ಪಾರ್ಕಿಂಗ್‌ನಿಂದ ರಸ್ತೆಗೆ ಬೀಳುವುದಕ್ಕೇ ಒಂದು ಗಂಟೆ. ಉಳಿದ ಆಟ ಕಾರಿನ ರೇಡಿಯೊದಲ್ಲಿ ಬರುತ್ತದೆ, ಮಕ್ಕಳು ಹಿಂದಿನ ಸೀಟಿನಲ್ಲಿ ಮಲಗಿರುತ್ತಾರೆ.