ಸಿಂಗಪುರದಲ್ಲಿ ಕೊನೇ ದಿನ: ಓಡದೆ, ಬೆವರದೆ ವಿಮಾನ ಹತ್ತುವುದು ಹೇಗೆ?

ಪ್ರವಾಸದ ಕೊನೇ ದಿನವನ್ನು ನಮ್ಮ ಮಂದಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಟೂರ್‌ನವರು ಕೊಟ್ಟ ಕಾಗದದಲ್ಲೂ ಆ ದಿನದ ಮುಂದೆ ‘ಶಾಪಿಂಗ್, ನಂತರ ಏರ್‌ಪೋರ್ಟ್’ ಎಂದು ಒಂದೇ ಸಾಲು ಇರುತ್ತದೆ. ರೂಮ್ ಖಾಲಿ ಮಾಡುವುದು, ಬ್ಯಾಗ್ ಕಟ್ಟುವುದು, ತೆರಿಗೆ ವಾಪಸ್ ಪಡೆಯುವುದು, ನೋಡದೆ ಉಳಿದ ಜಾಗಕ್ಕೆ ಓಡುವುದು, ಓಣಿಯವರಿಗೆಲ್ಲ ಚಾಕ್ಲೇಟ್ ಕೊಳ್ಳುವುದು, ಇಷ್ಟನ್ನೂ ಆ ಒಂದು ಸಾಲಿನಲ್ಲಿ ತುರುಕಿದರೆ ಏನಾಗುತ್ತದೆ? ವರ್ಷಗಟ್ಟಲೆ ದುಡ್ಡು ಕೂಡಿಸಿ ನೋಡಲು ಹೋದ ಊರಿನ ಕೊನೆಯ ನೆನಪು ಗಂಡ ಹೆಂಡತಿಯ ಜಗಳ ಆಗುತ್ತದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೆ ಇನ್ನೂ ಒಂದು ಮಾತು ಇದೆ. ಬೆಂಗಳೂರಿನಲ್ಲಿ ವಿಮಾನ ಇಳಿದರೆ ನಮ್ಮ ಪ್ರಯಾಣ ಮುಗಿಯುವುದಿಲ್ಲ. ಬೆಳಗಾವಿಯ ಸಾಂಬ್ರಾದಿಂದ ಹಾರುವುದೆಲ್ಲ ನಮ್ಮ ದೇಶದೊಳಗಿನ ವಿಮಾನಗಳೇ. ಅಂದರೆ ಮನೆ ಬಾಗಿಲಿಗೆ ಇನ್ನೂ ಐದುನೂರು ಕಿಲೋಮೀಟರ್ ಇರುತ್ತದೆ. ಕೊನೇ ದಿನ ಪೂರ್ತಿ ದಣಿದು ವಿಮಾನ ಹತ್ತಿದರೆ ಆ ದಣಿವು ನಿಮ್ಮ ಜೊತೆ ಮನೆಯವರೆಗೂ ಬರುತ್ತದೆ.

ಹಾಗಾಗಿ ನಾನು ಹೇಳುವುದು ಇಷ್ಟೇ. ಕೊನೇ ದಿನಕ್ಕೆ ಟಿಕೆಟ್ ತೆಗೆದು ನೋಡುವ ಹೊಸ ಜಾಗ ಒಂದೂ ಬೇಡ. ಕೆಲಸವನ್ನೆಲ್ಲ ಹಿಂದಿನ ರಾತ್ರಿಗೇ ಮುಗಿಸಿ, ಆ ದಿನವನ್ನು ಆರಾಮಾಗಿ ಅಡ್ಡಾಡಲು ಇಟ್ಟುಕೊಳ್ಳಿ. ಯಾವ ಊರಿಗಾದರೂ ಇದು ಸರಿಹೊಂದುತ್ತದೆ. ಇಲ್ಲಿ ಸಿಂಗಪುರವನ್ನೇ ಹಿಡಿದು ಹೇಳುತ್ತೇನೆ.

ಮೊದಲು ಟಿಕೆಟ್ ಓದಿ

ಟಿಕೆಟ್ ಮೇಲಿನ ತಾರೀಖನ್ನು ಎರಡು ಸಲ ಓದಿ. 15ನೇ ತಾರೀಖು 00:45 ಎಂದಿದ್ದರೆ ನೀವು ಏರ್‌ಪೋರ್ಟ್‌ಗೆ ಹೋಗಬೇಕಾದದ್ದು 14ರ ರಾತ್ರಿ. 15ರ ರಾತ್ರಿ ಊಟ ಮುಗಿಸಿ ಹೊರಟರೆ ವಿಮಾನ ಹೋಗಿ ಒಂದು ದಿನವೇ ಆಗಿರುತ್ತದೆ. ಓದು ಬರಹ ಚೆನ್ನಾಗಿ ಬಲ್ಲವರೂ ಇಲ್ಲಿ ಎಡವುತ್ತಾರೆ. ಹಾಗಾಗಿ ಇಂಥ ಟಿಕೆಟ್ ಇದ್ದರೆ ‘14, ರಾತ್ರಿ 9:30ಕ್ಕೆ ಏರ್‌ಪೋರ್ಟ್’ ಎಂದು ದೊಡ್ಡದಾಗಿ ಬರೆದು ಮನೆಯವರಿಗೆಲ್ಲ ವಾಟ್ಸಾಪ್ ಮಾಡಿ.

ಆಮೇಲೆ ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತಾ ಬನ್ನಿ. ಮದುವೆಯಲ್ಲಿ ಅಕ್ಕಿಕಾಳಿನ ಹೊತ್ತು ಗೊತ್ತಾದ ಮೇಲೆ ತಾನೇ ಸುರಿಗೆ ನೀರು ಎಷ್ಟಕ್ಕೆ, ಊಟ ಎಷ್ಟಕ್ಕೆ ಎಂದು ಕೂಡಿಸುವುದು, ಇದೂ ಹಾಗೇ. ವಿಮಾನ ರಾತ್ರಿ 10ಕ್ಕೆ ಅಂದುಕೊಳ್ಳಿ. ಮೂರು ತಾಸು ಮೊದಲು, ಅಂದರೆ 7ಕ್ಕೆ ಚಾಂಗಿ ಏರ್‌ಪೋರ್ಟ್‌ನಲ್ಲಿ ಇರಬೇಕು. ಊರೊಳಗಿಂದ ಅಲ್ಲಿಗೆ ಬ್ಯಾಗ್ ಸಮೇತ ಮೆಟ್ರೊದಲ್ಲಿ ಹೋಗಲು ಒಂದು ತಾಸಿನ ಮೇಲೆ ಸ್ವಲ್ಪ ಕೈಯಲ್ಲಿರಲಿ, ಹಾಗಾಗಿ ಹೋಟೆಲ್ 5:30ಕ್ಕೆ ಬಿಡಬೇಕು. ಬೆಳಗಿನಿಂದ ಅಲ್ಲಿಯವರೆಗಿನ ಹೊತ್ತು ಮಾತ್ರ ನಿಮ್ಮದು. ಹೀಗೆ ಬರೆದು ನೋಡಿದಾಗಲೇ ‘ಇನ್ನೊಂದು ಅಂಗಡಿ ನೋಡೂಣು’ ಎನ್ನುವ ಅವ್ವನಿಗೂ ಲೆಕ್ಕ ಅರ್ಥವಾಗುತ್ತದೆ.

ಜೊತೆಯಲ್ಲಿ ಮೊಣಕಾಲು ನೋವಿನ ಹಿರಿಯರಿದ್ದರೆ ವ್ಹೀಲ್‌ಚೇರ್ ಬೇಕು ಎಂದು ವಿಮಾನದವರಿಗೆ ಎರಡು ದಿನ ಮೊದಲೇ ತಿಳಿಸಿ. ಇದರಲ್ಲಿ ನಾಚಿಕೆ ಏನೂ ಇಲ್ಲ. ಚಾಂಗಿ ಬಲು ದೊಡ್ಡ ನಿಲ್ದಾಣ, ಗೇಟ್ ಮುಟ್ಟುವುದರೊಳಗೆ ಬಹಳ ನಡೆಯಬೇಕಾಗುತ್ತದೆ.

ಹಿಂದಿನ ರಾತ್ರಿ: ಬ್ಯಾಗ್

ಇಡೀ ದಿನದ ನೆಮ್ಮದಿ ನಿಂತಿರುವುದು ಈ ಕೆಲಸದ ಮೇಲೆ. ಬ್ಯಾಗನ್ನು ರಾತ್ರಿಯೇ ಕಟ್ಟಿ, ತೂಕ ಮಾಡಿ ಮಲಗಿ. ಕೈಯಲ್ಲಿ ಹಿಡಿದು ತೂಗುವ ಸಣ್ಣ ಡಿಜಿಟಲ್ ತಕ್ಕಡಿಯನ್ನು ಊರಿಂದಲೇ ಒಯ್ದರೆ ಏರ್‌ಪೋರ್ಟ್‌ನ ನೆಲದ ಮೇಲೆ ಬ್ಯಾಗ್ ಬಿಚ್ಚಿ ಸೀರೆ ಕೈಯಲ್ಲಿ ಹಿಡಿದು ನಿಲ್ಲುವ ಪ್ರಸಂಗ ಬರುವುದಿಲ್ಲ.

ಯಾವುದು ಎಲ್ಲಿ ಹೋಗಬೇಕು ಎಂಬುದರಲ್ಲೇ ಜಾಸ್ತಿ ಗೊಂದಲ. ಪವರ್ ಬ್ಯಾಂಕ್ ಕೈ ಬ್ಯಾಗಿನಲ್ಲೇ ಇರಬೇಕು, ಕೆಳಗೆ ಹಾಕುವ ಲಗೇಜಿನಲ್ಲಿ ಇಡುವಂತಿಲ್ಲ. ಅದು ಹಿಡಿಯುವ ವಿದ್ಯುತ್ತನ್ನು ವಾಟ್ ಅವರ್ ಎಂಬ ಅಳತೆಯಲ್ಲಿ ಹೇಳುತ್ತಾರೆ, 100 ವಾಟ್ ಅವರ್ ತನಕ ಯಾರನ್ನೂ ಕೇಳಬೇಕಿಲ್ಲ. ಸಾಮಾನ್ಯವಾಗಿ ಸಿಗುವ 20,000 ಎಂಎಎಚ್‌ನದು ಸುಮಾರು 74 ವಾಟ್ ಅವರ್ ಆಗುತ್ತದೆ, ಹಾಗಾಗಿ ಚಿಂತೆ ಇಲ್ಲ. ಆದರೆ ಸಿಂಗಪುರ್ ಏರ್‌ಲೈನ್ಸ್ 2025ರ ಏಪ್ರಿಲ್ 1ರಿಂದ ವಿಮಾನದೊಳಗೆ ಅದರಿಂದ ಫೋನ್ ಚಾರ್ಜ್ ಮಾಡುವುದನ್ನು ನಿಲ್ಲಿಸಿದೆ, ಫೋನನ್ನು ಮೊದಲೇ ತುಂಬಿಸಿಕೊಳ್ಳಿ. ನೀರಿನಂಥದ್ದು, ಲೋಷನ್, ಜೆಲ್, ಮೆತ್ತಗಿನ ತಿನಿಸು ಕೈ ಬ್ಯಾಗಿನಲ್ಲಿದ್ದರೆ ಒಂದೊಂದು ಡಬ್ಬಿ 100 ಎಂಎಲ್ ಮೀರಬಾರದು.

ಅಲ್ಲಿ ಹೋದವರೆಲ್ಲ ಕಾಯಾ ಎಂಬ ತೆಂಗಿನಹಾಲಿನ ಜಾಮ್ ಕೊಳ್ಳುತ್ತಾರೆ, ಬ್ರೆಡ್ಡಿಗೆ ಹಚ್ಚಿ ತಿನ್ನಲು ನಿಜಕ್ಕೂ ರುಚಿ. ಆದರೆ ಅದರಲ್ಲಿ ಮೊಟ್ಟೆ ಇರುತ್ತದೆ, ಶಾಕಾಹಾರಿಗಳ ಮನೆಗೆ ಕೊಡುವವರು ತಿಳಿದು ಕೊಳ್ಳಿ. ಬಾಟಲಿ ಕೈ ಬ್ಯಾಗಿನಲ್ಲಿದ್ದರೆ ತಪಾಸಣೆಯಲ್ಲಿ ಬಿಟ್ಟು ಬರಬೇಕಾದೀತು, ಅದನ್ನು ಬಟ್ಟೆಯಲ್ಲಿ ಸುತ್ತಿ ದೊಡ್ಡ ಬ್ಯಾಗಿಗೆ ಹಾಕಿ.

ಬಿಪಿ, ಶುಗರ್ ಗುಳಿಗೆ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ, ಮನೆ ಕೀಲಿಕೈ, ಭಾರತದ ಸಿಮ್ ಇವೆಲ್ಲ ಕೈ ಬ್ಯಾಗಿನಲ್ಲೇ ಇರಲಿ. ಅಲ್ಲಿ ಸಿಮ್ ಬದಲಿಸಿದ್ದರೆ ಆ ಸಣ್ಣ ಪಿನ್ನನ್ನೂ ಅದರ ಜೊತೆಗೇ ಇಡಿ. ಬೆಂಗಳೂರಿನಲ್ಲಿ ಇಳಿದ ಕೂಡಲೇ ಕ್ಯಾಬ್‌ಗೆ, ಬ್ಯಾಂಕಿಗೆ ಓಟಿಪಿ ಬೇಕಾಗುತ್ತದೆ.

ಇನ್ನು ಸಾಮಾನಿನ ವಿಷಯ. ನಮ್ಮ ಬೆಳಗಾವಿಯ ಗಣಪತ ಗಲ್ಲಿ, ಖಡೇಬಜಾರಿನಲ್ಲಿ ಸಿಗುವುದನ್ನು ಅಲ್ಲಿಂದ ಹೊತ್ತು ತರಬೇಡಿ. ಬಕೆಟ್ಟಿನಷ್ಟು ದೊಡ್ಡ ಚಾಕ್ಲೇಟ್ ಪ್ಯಾಕೆಟ್‌ಗಿಂತ ಟೈಗರ್ ಬಾಮ್‌ನ ಸಣ್ಣ ಡಬ್ಬಿಗಳು ಹಗುರ, ಹಿರಿಯರಿಗೆ ಬಲು ಖುಷಿ. ಆರ್ಕಿಡ್ ಗಿಡ, ಬೀಜ, ಸಸಿ ಮಾತ್ರ ತರಲು ಹೋಗಬೇಡಿ. ಹೊಲ, ಹಿತ್ತಲು ಇದ್ದವರಿಗೆ ಆಸೆ ಆಗುವುದು ಸಹಜ. ಆದರೆ ಹೊರದೇಶದ ಸಸಿಯ ಜೊತೆ ಅಲ್ಲಿನ ರೋಗ, ಹುಳ ಬರಬಹುದು ಎಂದೇ ನಮ್ಮ ಸರ್ಕಾರ ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತದೆ. ನಮ್ಮ ಕಡೆಯ ದ್ರಾಕ್ಷಿ, ದಾಳಿಂಬೆ ತೋಟಗಳನ್ನು ನೆನೆದರೆ ಆ ನಿಯಮ ಎಷ್ಟು ಸರಿ ಅನ್ನಿಸುತ್ತದೆ ಅಲ್ವಾ?

ಬೆಳಗ್ಗೆ: ಒಂದೇ ನೀಲಿ ಗೆರೆ

ತಿಂಡಿ ಮುಗಿಸಿ, ರೂಮ್ ಖಾಲಿ ಮಾಡಿ, ಬ್ಯಾಗುಗಳನ್ನು ಹೋಟೆಲ್‌ನ ರಿಸೆಪ್ಷನ್‌ನಲ್ಲೇ ಬಿಡಿ. ಹೆಚ್ಚಿನ ಹೋಟೆಲ್‌ಗಳು ಸಂಜೆಯವರೆಗೆ ಇಟ್ಟುಕೊಳ್ಳುತ್ತವೆ. ಚೀಟಿ ಕೊಟ್ಟರೆ ಅದರ ಫೋಟೊ ತೆಗೆದುಕೊಳ್ಳಿ.

ಸಿಂಗಪುರದ ಮೆಟ್ರೊ ನಕ್ಷೆಯಲ್ಲಿ ಡೌನ್‌ಟೌನ್ ಲೈನ್ ಎಂಬ ನೀಲಿ ಗೆರೆ ಇದೆ. ಕೊನೇ ದಿನಕ್ಕೆ ನನಗೆ ತುಂಬಾ ಇಷ್ಟವಾದ ದಾರಿ ಅದೇ. ಬೊಟಾನಿಕ್ ಗಾರ್ಡನ್ಸ್, ಲಿಟ್ಲ್ ಇಂಡಿಯಾ, ಮರೀನಾ ಬೇ ಪಕ್ಕದ ಬೇಫ್ರಂಟ್, ಕೊನೆಗೆ ಏರ್‌ಪೋರ್ಟ್‌ಗೆ ಒಂದೇ ಸ್ಟೇಷನ್ ಮೊದಲಿನ ಎಕ್ಸ್‌ಪೋ, ಎಲ್ಲ ಅದರ ಮೇಲೇ ಬರುತ್ತವೆ. ಹತ್ತಿ ಇಳಿದು ಬದಲಿಸುವ ಗೊಂದಲವೇ ಇಲ್ಲ.

ಬೆಳಗಿನ ತಂಪಿನಲ್ಲಿ ಬೊಟಾನಿಕ್ ಗಾರ್ಡನ್ಸ್‌ಗೆ ಹೋಗಿ. 1859ರಲ್ಲಿ ಶುರುವಾದ ತೋಟ ಇದು, 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದೆ. ಬೆಳಗ್ಗೆ 5ಕ್ಕೇ ಬಾಗಿಲು ತೆರೆಯುತ್ತದೆ, ಒಳಗಿನ ಆರ್ಕಿಡ್ ತೋಟ ಒಂದನ್ನು ಬಿಟ್ಟರೆ ಟಿಕೆಟ್ ಇಲ್ಲ. ದಿನಗಟ್ಟಲೆ ಗೈಡ್ ಹಿಂದೆ ಓಡಿದವರು ಇಲ್ಲಿ ಒಂದು ಬೆಂಚಿನ ಮೇಲೆ ಸುಮ್ನೆ ಕೂತು ನೋಡಿ. ಆ ಊರಿನ ಮಂದಿ ಹೇಗೆ ನಡೆಯುತ್ತಾರೆ, ಅಜ್ಜ ಅಜ್ಜಿಯರು ಗುಂಪು ಕಟ್ಟಿ ಹೇಗೆ ವ್ಯಾಯಾಮ ಮಾಡುತ್ತಾರೆ, ಮಕ್ಕಳು ಹುಲ್ಲಿನ ಮೇಲೆ ಹೇಗೆ ಉರುಳುತ್ತಾರೆ ಎಂಬುದೆಲ್ಲ ಬಸ್ಸಿನ ಕಿಟಕಿಯಿಂದ ಕಾಣುವುದಿಲ್ಲ. ನನ್ನ ಕೇಳಿದರೆ ಒಂದು ಊರನ್ನು ನೋಡಿದೆವು ಎನ್ನಲು ಇಂಥ ಎರಡು ತಾಸು ಬೇಕೇ ಬೇಕು.

ಬಿಸಿಲು ಏರುವ ಹೊತ್ತಿಗೆ ಅದೇ ನೀಲಿ ಗೆರೆಯಲ್ಲಿ ಮೂರು ಸ್ಟೇಷನ್ ಮುಂದೆ ಲಿಟ್ಲ್ ಇಂಡಿಯಾದಲ್ಲಿ ಇಳಿಯಿರಿ. ಸೆರಂಗೂನ್ ರಸ್ತೆಯಲ್ಲಿ 1947ರಿಂದ ನಡೆಯುತ್ತಿರುವ ಕೋಮಲ ವಿಲಾಸ್ ಇದೆ, ಶುದ್ಧ ಶಾಕಾಹಾರಿ. ಜೋಳದ ರೊಟ್ಟಿ ಸಿಗದೆ ನಾಲಿಗೆ ಕೆಟ್ಟವರಿಗೆ ಅನ್ನ, ಸಾರು, ಮಜ್ಜಿಗೆ ಜೀವ ತರುತ್ತದೆ. ಉಳಿದ ಸಣ್ಣಪುಟ್ಟ ಖರೀದಿಗೆ ಮುಸ್ತಫಾ ಸೆಂಟರ್ ಅಲ್ಲೇ ಹತ್ತಿರ. ಆದರೆ ಚೀಟಿ ಬರೆದುಕೊಂಡು ಒಳಗೆ ಹೋಗಿ, ಅದು ಎಷ್ಟು ದೊಡ್ಡದು ಅಂದರೆ ಮಧ್ಯಾಹ್ನ ಪೂರ್ತಿ ಅಲ್ಲೇ ಕಳೆದುಹೋಗುತ್ತದೆ.

ಕಾರ್ಡ್ ಉಜ್ಜುವಾಗ ಯಂತ್ರ ‘ರೂಪಾಯಿಯಲ್ಲೋ, ಸಿಂಗಪುರ ಡಾಲರಿನಲ್ಲೋ’ ಎಂದು ಕೇಳಿದರೆ ಡಾಲರ್ ಒತ್ತಿ. ರೂಪಾಯಿ ಒತ್ತಿದರೆ ಆ ಯಂತ್ರದವರೇ ದರ ಹಾಕುತ್ತಾರೆ, ಅದು ಹೆಚ್ಚಾಗಿ ದುಬಾರಿ. ಕೈಯಲ್ಲಿರುವ ಚಿಲ್ಲರೆಯನ್ನು ಅಲ್ಲೇ ಖರ್ಚು ಮಾಡಿ, ನಾಣ್ಯಗಳನ್ನು ಊರಿಗೆ ತಂದರೆ ವಿದೇಶಿ ಹಣ ಬದಲಿಸುವ ಯಾವ ಫಾರೆಕ್ಸ್ ಅಂಗಡಿಯವರೂ ತೆಗೆದುಕೊಳ್ಳುವುದಿಲ್ಲ. ನೋಟು ಉಳಿದರೆ ಚಿಂತೆ ಬೇಡ, 2,000 ಅಮೆರಿಕನ್ ಡಾಲರ್‌ನಷ್ಟು ಬೆಲೆಯ ವಿದೇಶಿ ನೋಟನ್ನು ಇಟ್ಟುಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಬಂದ 180 ದಿನದೊಳಗೆ ಬ್ಯಾಂಕಿಗೆ ಇಲ್ಲವೇ ಫಾರೆಕ್ಸ್ ಅಂಗಡಿಗೆ ಮರಳಿಸಬೇಕು.

ವಿಮಾನ ಮಧ್ಯರಾತ್ರಿಯ ನಂತರ ಇದ್ದವರಿಗೆ ಇನ್ನೊಂದು ಸಂತೋಷ ಇದೆ. ಬೇಫ್ರಂಟ್‌ನಲ್ಲಿ ಇಳಿದರೆ ಗಾರ್ಡನ್ಸ್ ಬೈ ದ ಬೇ ತೋಟದಲ್ಲಿ ಸೂಪರ್‌ಟ್ರೀ ಎಂಬ ಮರದಾಕಾರದ ಎತ್ತರದ ಗೋಪುರಗಳ ಕೆಳಗೆ ಸಂಜೆ 7:45ಕ್ಕೆ ಬೆಳಕು ಮತ್ತು ಹಾಡಿನ ಪ್ರದರ್ಶನ ಪುಕ್ಕಟೆ. ಮೊದಲ ದಿನ ಫೋಟೊ ತೆಗೆಯುವುದರಲ್ಲೇ ಅದು ಮುಗಿದಿರುತ್ತದೆ. ಈ ಸಲ ಫೋನ್ ಜೇಬಿನಲ್ಲಿಟ್ಟು ನೆಲದ ಮೇಲೆ ಮಲಗಿ ನೋಡಿ. 8:45ರ ಎರಡನೇ ಪ್ರದರ್ಶನಕ್ಕೆ ಕೂರಬೇಡಿ, ಬ್ಯಾಗ್ ಇನ್ನೂ ಹೋಟೆಲ್‌ನಲ್ಲೇ ಇದೆ.

ಚಾಂಗಿಯಲ್ಲಿ: ಮೊದಲು ತೆರಿಗೆ, ಆಮೇಲೆ ಚೆಕ್ ಇನ್

ಎಕ್ಸ್‌ಪೋದಲ್ಲಿ ಇಳಿದು ಹಸಿರು ಗೆರೆ ಹಿಡಿದರೆ ಮುಂದಿನದೇ ಚಾಂಗಿ ಏರ್‌ಪೋರ್ಟ್ ಸ್ಟೇಷನ್. ಅದು ಟರ್ಮಿನಲ್ 2 ಮತ್ತು 3ರ ನಡುವೆ ಇದೆ. ನಿಮ್ಮ ವಿಮಾನ ಟರ್ಮಿನಲ್ 4ರದಾದರೆ ಉಚಿತ ಬಸ್ ಹತ್ತಬೇಕು, ಅದಕ್ಕೆ ಅರ್ಧ ತಾಸು ಕೂಡಿಸಿ.

ಅಲ್ಲಿ ವಸ್ತುಗಳ ಮೇಲೆ 9 ಶೇಕಡಾ ಜಿಎಸ್‌ಟಿ ಇದೆ, ಪ್ರವಾಸಿಗರು ಅದನ್ನು ವಾಪಸ್ ಕೇಳಬಹುದು. ಇದಕ್ಕೆ ಅಂಗಡಿಯಲ್ಲೇ ಪಾಸ್‌ಪೋರ್ಟ್ ತೋರಿಸಿರಬೇಕು, ಬಿಲ್ 100 ಸಿಂಗಪುರ ಡಾಲರ್ ಮುಟ್ಟಿರಬೇಕು. ಒಂದೇ ಅಂಗಡಿಯ ಅದೇ ದಿನದ ಮೂರು ಬಿಲ್‌ಗಳವರೆಗೆ ಕೂಡಿಸಿ ನೂರು ಮಾಡಿಕೊಳ್ಳಬಹುದು. ಹೋಟೆಲ್ ಬಿಲ್ಲಿಗೆ, ಊಟಕ್ಕೆ ಇದು ಇಲ್ಲ. 100 ಡಾಲರ್ ಬಿಲ್‌ನಲ್ಲಿ ತೆರಿಗೆ ಸುಮಾರು 8 ಡಾಲರ್ 26 ಸೆಂಟ್, ಅದರಲ್ಲೂ ಸೇವಾ ಶುಲ್ಕ ಮುರಿದುಕೊಳ್ಳುತ್ತಾರೆ. ಹಾಗಾಗಿ ತೆರಿಗೆ ಸಿಗುತ್ತದೆ ಎಂದು ಬೇಡದ್ದನ್ನು ಕೊಂಡು ನೂರು ಮುಟ್ಟಿಸಬೇಡಿ. ಆದರೆ ಕ್ಯಾಮೆರಾ, ಫೋನ್‌ನಂಥ ದೊಡ್ಡ ಖರೀದಿ ಇದ್ದರೆ ಇದು ಬಿಡುವ ದುಡ್ಡಲ್ಲ.

ಎಲ್ಲರೂ ಮರೆಯುವುದು ಇದನ್ನೇ. ಆ ಸಾಮಾನು ಕೆಳಗೆ ಹೋಗುವ ಲಗೇಜಿನಲ್ಲಿದ್ದರೆ ಬ್ಯಾಗ್ ಕೊಡುವುದಕ್ಕಿಂತ ಮೊದಲೇ ಚೆಕ್ ಇನ್ ಹಾಲ್‌ನ ಜಿಎಸ್‌ಟಿ ರಿಫಂಡ್ ಯಂತ್ರದಲ್ಲಿ ಪಾಸ್‌ಪೋರ್ಟ್ ಇಟ್ಟು ಅರ್ಜಿ ಮುಗಿಸಬೇಕು. ಅಧಿಕಾರಿಗಳು ಸಾಮಾನು ತೋರಿಸಿ ಎನ್ನಬಹುದು, ಬ್ಯಾಗ್ ಹೋಗಿಬಿಟ್ಟರೆ ಏನು ತೋರಿಸುತ್ತೀರಿ? ನಗದು ಬೇಕೆಂದರೆ ಇಮಿಗ್ರೇಷನ್ ದಾಟಿದ ಮೇಲೆ ಕೌಂಟರ್‌ನಲ್ಲಿ ಕೊಡುತ್ತಾರೆ, ಇಲ್ಲವೇ ಕಾರ್ಡಿಗೆ ಹಾಕಿಸಿಕೊಳ್ಳಬಹುದು.

ಬ್ಯಾಗ್ ಕೊಟ್ಟ ಮೇಲೆ ಹೊತ್ತು ಉಳಿದರೆ ಜ್ಯೂವೆಲ್‌ಗೆ ಹೋಗಿ ಬನ್ನಿ. 2019ರಲ್ಲಿ ತೆರೆದ ಈ ಗಾಜಿನ ಗುಮ್ಮಟದ ಮಧ್ಯದಿಂದ 40 ಮೀಟರ್ ಎತ್ತರದ ಜಲಪಾತ ಧುಮುಕುತ್ತದೆ. ಇದು ಇಮಿಗ್ರೇಷನ್‌ಗಿಂತ ಹೊರಗಡೆ ಇದೆ, ಒಳಗೆ ಹೋದವರು ಮತ್ತೆ ಬಂದು ನೋಡಲು ಆಗುವುದಿಲ್ಲ. ಗೋಕಾಕ ಫಾಲ್ಸ್ ನೋಡಿ ಬೆಳೆದವರಿಗೆ 40 ಮೀಟರ್ ದೊಡ್ಡದಲ್ಲ, ಆದರೆ ಸೂರಿನ ಕೆಳಗೆ ಕಾಡು ಬೆಳೆಸಿ ನೀರು ಇಳಿಸಿದ ಆ ಕೆಲಸ ಕಣ್ಣಾರೆ ನೋಡಬೇಕಾದದ್ದೇ.

ಬೆಂಗಳೂರಿನಿಂದ ಊರಿಗೆ

ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ. ಅಲ್ಲಿ ರಾತ್ರಿ 10ಕ್ಕೆ ಹೊರಟು ನಾಲ್ಕೂವರೆ ತಾಸು ಹಾರಿದರೆ ಬೆಂಗಳೂರಿನಲ್ಲಿ ರಾತ್ರಿ 12 ಆಗಿರುತ್ತದೆ. ಹೊರದೇಶದ ವಿಮಾನಗಳೆಲ್ಲ ಈಗ ಟರ್ಮಿನಲ್ 2ಕ್ಕೇ ಬರುತ್ತವೆ.

ಕಸ್ಟಮ್ಸ್‌ನಲ್ಲಿ ಮುಚ್ಚಿಡುವ ಆಟ ಬೇಡ. ಮದ್ಯ ಒಬ್ಬರಿಗೆ 2 ಲೀಟರ್ ಮಾತ್ರ. ಬಂಗಾರದಲ್ಲಿ ಗಂಡಸಿಗೆ 20, ಹೆಂಗಸಿಗೆ 40 ಗ್ರಾಂ ಎಂಬ ರಿಯಾಯಿತಿ ಒಂದು ವರ್ಷಕ್ಕಿಂತ ಜಾಸ್ತಿ ಹೊರದೇಶದಲ್ಲಿದ್ದವರಿಗೆ. ವಾರದ ಪ್ರವಾಸಕ್ಕೆ ಹೋದವರು ಅದನ್ನು ನಂಬಿ ಒಡವೆ ತರಬೇಡಿ. ತೆರಿಗೆ ಕಟ್ಟಬೇಕಾದ ಸಾಮಾನು ಇದ್ದರೆ ಕೆಂಪು ದಾರಿಯಲ್ಲಿ ಹೋಗಿ ಬಿಲ್ ತೋರಿಸಿ.

ಈಗ ಊರಿನ ದಾರಿ. ನಡುರಾತ್ರಿ ಇಳಿದವರಿಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಸಿಗುವುದಿಲ್ಲ. ಆಗಲೇ ಬೆಳಗಾವಿಗೆ ಕಾರ್ ಹಿಡಿದು ರಾತ್ರಿಯೆಲ್ಲ ಹೆದ್ದಾರಿಯಲ್ಲಿ ಹೋಗುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ನಿದ್ದೆಗೆಟ್ಟ ಡ್ರೈವರ್, ನಿದ್ದೆಗೆಟ್ಟ ನೀವು, ಬೇಡ. ಏರ್‌ಪೋರ್ಟ್ ಹತ್ತಿರ ಒಂದು ರೂಮ್ ಮೊದಲೇ ಹೇಳಿಟ್ಟು ಮಲಗಿ. ಮರುದಿನ ಮಧ್ಯಾಹ್ನ ಬೆಂಗಳೂರು ಬಿಡುವ ವಂದೇ ಭಾರತ್ 2025ರ ಆಗಸ್ಟ್‌ನಿಂದ ಇದೆ, ಅದೇ ರಾತ್ರಿ ಬೆಳಗಾವಿ ಮುಟ್ಟಿಸುತ್ತದೆ. ಬಾಗಲಕೋಟೆ, ವಿಜಯಪುರದವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ. ಯಾವುದಾದರೂ ಸರಿ, ಸೀಟನ್ನು ವಿಮಾನದ ಟಿಕೆಟ್ ಜೊತೆಗೇ ಕಾಯ್ದಿರಿಸಿ, ಹಬ್ಬದ ದಿನಗಳಲ್ಲಿ ಕೊನೇ ಗಳಿಗೆಗೆ ಸಿಗುವುದಿಲ್ಲ. ಸ್ಲೀಪರ್ ಬಸ್ಸಿನಲ್ಲಿ ಬರುವವರು ದೊಡ್ಡ ಬ್ಯಾಗುಗಳನ್ನು ಡಿಕ್ಕಿಗೆ ಹಾಕಿ, ಆದರೆ ಪಾಸ್‌ಪೋರ್ಟ್ ಮತ್ತು ಗುಳಿಗೆ ಇರುವ ಕೈ ಬ್ಯಾಗನ್ನು ತಲೆದಿಂಬಿನ ಹತ್ತಿರವೇ ಇಟ್ಟುಕೊಂಡು ಮಲಗಿ.