ತೊಡೆಸಂದಿನ ನೋವು: ಮೊದಲು ಬೆರಳು, ಆಮೇಲೆ ಸ್ಕ್ಯಾನ್

ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳು ಶುರುವಾದವು ಅಂದರೆ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ತೊಡೆಸಂದಿನ ನೋವಿನ ಹುಡುಗರು ಬರತೊಡಗುತ್ತಾರೆ. ಆದರೆ ಯಾರೂ ಹಾಗಂತ ಹೇಳುವುದಿಲ್ಲ. ನಾನು ಹೆಂಗಸು, ಅವರಿಗೆ ನಾಚಿಕೆ. "ಸೊಂಟ ನೋವು ಮೇಡಂ" ಅಂತಾರೆ. ಇಲ್ಲವೇ ತೊಡೆಯ ಮಧ್ಯಕ್ಕೆ ಎಲ್ಲೋ ಕೈ ತೋರಿಸಿ ಸುಮ್ಮನಾಗುತ್ತಾರೆ. ಒಬ್ಬ ರೈಡರ್ ಅಂತೂ ಎಲ್ಲಾ ಕಡೆ ಸೊಂಟ ಸೊಂಟ ಅಂದು, ಕೊನೆಗೆ ಬೆನ್ನಿನ ಎಂಆರ್‌ಐ ಮಾಡಿಸಿಕೊಂಡೇ ಬಂದಿದ್ದ. ಸಾವಿರಾರು ರೂಪಾಯಿ ಖರ್ಚು. ಬೆನ್ನು ಚೆನ್ನಾಗಿಯೇ ಇತ್ತು. ನೋವಿದ್ದದ್ದು ಒಳತೊಡೆಯ ಸ್ನಾಯು ಮೂಳೆಗೆ ಅಂಟುವ ಜಾಗದಲ್ಲಿ.

ಹಾಗಾಗಿ ಆಟಗಾರರಿಗೆ, ಪಿಟಿ ಮೇಷ್ಟ್ರುಗಳಿಗೆ, ತಂದೆತಾಯಿಗಳಿಗೆ ನನ್ನ ಮೊದಲ ಮಾತು: ನಾಚಿಕೆ ಬಿಡಿ, ಒಂದೇ ಬೆರಳಿಟ್ಟು ಜಾಗ ತೋರಿಸಿ. ಅಂಗೈ ಅಗಲದ ಆ ಜಾಗದಲ್ಲಿ ಒಳತೊಡೆಯ ಸ್ನಾಯುಗಳಿವೆ, ಕಾಲು ಮೇಲೆತ್ತುವ ಸ್ನಾಯು ಇದೆ, ಹೊಟ್ಟೆಯ ಕೆಳಗೋಡೆ ಇದೆ, ಹೊಟ್ಟೆಯ ಕೆಳತುದಿಯಲ್ಲಿ ಎಡಬಲದ ಪ್ಯೂಬಿಕ್ ಮೂಳೆಗಳು ಸೇರುವ ಕೀಲಿದೆ. ಇವೆಲ್ಲದರ ಹಿಂದೆ ಆಳದಲ್ಲಿ, ತೊಡೆಮೂಳೆ ಸೊಂಟಕ್ಕೆ ಸೇರುವ ಹಿಪ್ ಜಾಯಿಂಟ್ ಇದೆ. ಇದೇ ನೋವಿಗೆ ಡಾಕ್ಟರುಗಳೇ ಒಬ್ಬೊಬ್ಬರು ಒಂದೊಂದು ಹೆಸರಿಡುತ್ತಿದ್ದರು. 2014ರಲ್ಲಿ 14 ದೇಶಗಳ 24 ತಜ್ಞರು ದೋಹಾದಲ್ಲಿ ಕೂತು, ಎಲ್ಲಿ ಮುಟ್ಟಿದರೆ ನೋವು, ಯಾವ ಚಲನೆಗೆ ನೋವು ಅನ್ನುವುದರ ಮೇಲೆ ಹೆಸರಿಡೋಣ ಅಂತ ಒಪ್ಪಿಕೊಂಡರು. ನಾನು ಕೆಳಗೆ ಹೇಳುವುದು ಹೆಚ್ಚುಕಮ್ಮಿ ಅದೇ ದಾರಿ.

ಪರೀಕ್ಷೆಗೂ ಮುಂಚೆ

ಕೆಲವು ನೋವುಗಳಲ್ಲಿ ಮನೆಯಲ್ಲಿ ಏನನ್ನೂ ಒತ್ತಿ ನೋಡಬಾರದು.

ಹುಡುಗನಿಗೆ ಇದ್ದಕ್ಕಿದ್ದಂತೆ ತಡೆಯಲಾರದ ನೋವು, ವಾಂತಿ ಬಂದಂತೆ ಆಗುತ್ತಿದೆ, ಒಂದು ವೃಷಣ ಊದಿ ಮೇಲಕ್ಕೆ ಸರಿದಂತಿದೆ ಅಂದರೆ ಅದು ತಿರುಚಿಕೊಂಡಿರಬಹುದು. ಒಳಗೆ ರಕ್ತದ ಓಡಾಟ ನಿಂತುಹೋಗಿರುತ್ತದೆ. 6 ಗಂಟೆಯೊಳಗೆ ಆಪರೇಷನ್ ಆದರೆ ಉಳಿಸಿಕೊಳ್ಳುವ ಅವಕಾಶ ಚೆನ್ನಾಗಿದೆ. ಬೆಳಗಾಗಲಿ ನೋಡೋಣ ಅಂತ ಕಾಯಬೇಡಿ. ಇದರಲ್ಲೂ ಹುಡುಗರು ಬರೀ "ಹೊಟ್ಟೆ ನೋವು" ಅನ್ನುವುದೇ ಜಾಸ್ತಿ. ಗಂಡಸರು ಯಾರಾದರೂ ಪಕ್ಕಕ್ಕೆ ಕರೆದುಕೊಂಡು ಹೋಗಿ ನೇರವಾಗಿ ಕೇಳಿ.

ಕೆಮ್ಮಿದಾಗ ಉಬ್ಬಿ, ಮಲಗಿದಾಗ ಒಳಗೆ ಹೋಗುವ ಗಡ್ಡೆ ಇದ್ದರೆ ಅದು ಹರ್ನಿಯಾ. ಅದು ಒಳಗೆ ಹೋಗದೆ ಗಟ್ಟಿಯಾಗಿ ನೋಯುತ್ತಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ, ಕೂತರೂ ನಿಂತರೂ ಹೊರಳಾಡಿದರೂ ನಿಲ್ಲದ ನೋವಾದರೆ ಕಿಡ್ನಿ ಕಲ್ಲಿನ ಅನುಮಾನ ಪಡಿ. ಇನ್ನು ಮಣ್ಣಿನ ಅಂಕಣದಲ್ಲಿ ಬರಿಗಾಲಲ್ಲಿ ಆಡುವವರ ವಿಷಯ. ತೊಡೆಸಂದಿನಲ್ಲಿ ನೋಯುವ ಗಂಟು, ಜೊತೆಗೆ ಜ್ವರ ಇದ್ದರೆ ನಾನು ಮೊದಲು ನೋಡುವುದು ಅವರ ಕಾಲ್ಬೆರಳ ಸಂದಿ. ಬಹಳ ಸಲ ಅಲ್ಲೊಂದು ಕೀವು ತುಂಬಿದ ಗಾಯ ಇರುತ್ತದೆ. ಅದಕ್ಕೆ ಬೇಕಾದದ್ದು ಡಾಕ್ಟರ ಔಷಧಿ, ನನ್ನ ವ್ಯಾಯಾಮ ಅಲ್ಲ.

ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 10ರಿಂದ 16 ವಯಸ್ಸಿನ ಮಗು, ಅದರಲ್ಲೂ ಸ್ವಲ್ಪ ದಪ್ಪಗಿರುವ ಮಗು, ಕುಂಟುತ್ತಿದೆ, ಪಾದ ಹೊರಕ್ಕೆ ತಿರುಗಿದೆ, ತೊಡೆಸಂದು ಇಲ್ಲವೇ ಬರೀ ಮಂಡಿ ನೋವು ಅನ್ನುತ್ತಿದೆ ಅಂದರೆ, ತೊಡೆಮೂಳೆಯ ತಲೆ ಬೆಳವಣಿಗೆಯ ಜಾಗದಲ್ಲಿ ಜಾರಿರಬಹುದು. ಮಲಗಿಸಿ ಕಾಲನ್ನು ಮಡಚಿ ಎತ್ತಿದಾಗ ಮಂಡಿ ತಾನಾಗಿಯೇ ಹೊರಕ್ಕೆ ವಾಲುತ್ತದೆ. ಮಂಡಿಯ ಎಕ್ಸ್‌ರೇ ತೆಗೆದು "ಏನಿಲ್ಲ" ಅಂದು ಕಳಿಸಿದ ಮಕ್ಕಳನ್ನು ನೋಡಿದ್ದೇನೆ. ಎರಡೂ ಹಿಪ್‌ಗಳ ಎಕ್ಸ್‌ರೇ ಬೇಕು, ಒಂದು ನೇರಕ್ಕೆ, ಇನ್ನೊಂದು ಕಪ್ಪೆ ಕೂತ ಹಾಗೆ ಕಾಲು ಅಗಲಿಸಿ. ಅಲ್ಲಿಯ ತನಕ ಮಗುವನ್ನು ನಡೆಸಬೇಡಿ, ಎತ್ತಿಕೊಂಡು ಹೋಗಿ.

ಹೈಸ್ಕೂಲು, ಪಿಯುಸಿ ವಯಸ್ಸಿನವರು ಓಟದ ಮಧ್ಯೆ ಇಲ್ಲವೇ ಚೆಂಡು ಒದೆಯುವಾಗ "ಟಪ್ ಅಂತು" ಅಂದರೆ ಸ್ನಾಯು ಹರಿದಿದೆ ಅಂತ ತೀರ್ಮಾನಿಸಬೇಡಿ. ಆ ವಯಸ್ಸಲ್ಲಿ ಸ್ನಾಯುವಿಗಿಂತ ಅದು ಅಂಟಿರುವ ಎಳೆ ಮೂಳೆಯೇ ಮೆದು. ಒಂದು ಚೂರು ಮೂಳೆಯೇ ಕಿತ್ತು ಬಂದಿರಬಹುದು. ಎಣ್ಣೆ ಹಚ್ಚಿ ತಿಕ್ಕಿದರೆ ಕೆಡುತ್ತದೆ. ಒಂದು ಎಕ್ಸ್‌ರೇ ಸಾಕು, ಗೊತ್ತಾಗುತ್ತದೆ.

ಪೊಲೀಸ್, ಸೇನಾ ಭರ್ತಿಗೆ ಓಡುವವರದ್ದು ಬೇರೆಯೇ ಕಥೆ. ಅಗ್ನಿವೀರ್ ರ್ಯಾಲಿಯ 1.6 ಕಿಲೋಮೀಟರಿಗೆಂದು, ಮೊದಲು ಓಡಿ ಅಭ್ಯಾಸವೇ ಇಲ್ಲದವರು ಡಾಂಬರು ರಸ್ತೆಯಲ್ಲಿ ದಿನಾ ಎರಡು ಹೊತ್ತು ಓಡತೊಡಗುತ್ತಾರೆ. ಕೆಲವು ವಾರದಲ್ಲಿ ತೊಡೆಸಂದಿನ ಆಳದಲ್ಲಿ ನೋವು. ಮೊದಮೊದಲು ಓಡಿದಾಗ, ಆಮೇಲೆ ನಡೆದಾಗ, ಕೊನೆಗೆ ರಾತ್ರಿ ಮಲಗಿದಾಗಲೂ. ಬೆರಳಿಟ್ಟು ತೋರಿಸಿ ಅಂದರೆ ಜಾಗ ಸಿಗುವುದಿಲ್ಲ. ಇದು ತೊಡೆಮೂಳೆಯ ಕತ್ತಿನಲ್ಲಿ ಬಿಡುವ ಕೂದಲೆಳೆಯ ಬಿರುಕಾಗಿರಬಹುದು. ಒಂಟಿಕಾಲಲ್ಲಿ ಕುಪ್ಪಳಿಸಿ ನೋಡು ಅಂತ ಮೇಷ್ಟ್ರು ಹೇಳುವುದುಂಟು. ದಯವಿಟ್ಟು ಬೇಡ. ಬಿರುಕು ಕತ್ತಿನ ಮೇಲಂಚಿನಲ್ಲಿದ್ದರೆ ಮೂಳೆ ಪೂರ್ತಿ ಮುರಿದು ಜರುಗುವ ಭಯ ಇದೆ. ಶುರುವಿನಲ್ಲಿ ಎಕ್ಸ್‌ರೇ ಬಹಳ ಸಲ ಸರಿಯಾಗಿಯೇ ಕಾಣುತ್ತದೆ, ಹಾಗಾಗಿ ಎಂಆರ್‌ಐಗೆ ದುಡ್ಡು ಹಾಕಬೇಕಾದ ಜಾಗ ಇದೇ. ಓಡುವ ಹೆಣ್ಣುಮಕ್ಕಳಾದರೆ ಮುಟ್ಟು ತಿಂಗಳುಗಟ್ಟಲೆ ನಿಂತಿದೆಯಾ, ಹೊಟ್ಟೆತುಂಬ ತಿನ್ನುತ್ತಿದ್ದಾರಾ ಅಂತಲೂ ಕೇಳುತ್ತೇನೆ. ಮೂಳೆ ಸೊರಗುವುದಕ್ಕೂ ಅದಕ್ಕೂ ನೇರ ಸಂಬಂಧ.

ಮಂಚದ ಮೇಲೆ ನೋಡುವ ಕ್ರಮ

ಇವ್ಯಾವುವೂ ಇಲ್ಲ ಅಂದರೆ ಅಂಗಾತ ಮಲಗಿ.

ನೋಯುವ ಕಡೆಯ ಮಂಡಿ ಮಡಚಿ, ಕಾಲನ್ನು ಪಕ್ಕಕ್ಕೆ ವಾಲಲು ಬಿಡಿ. ಒಳತೊಡೆಯ ಮೇಲ್ಭಾಗದಲ್ಲಿ ಹಗ್ಗದ ಹಾಗೆ ಬಿಗಿಯಾಗಿ ಎದ್ದು ನಿಲ್ಲುವುದು ಕೈಗೆ ಸಿಗುತ್ತದೆ. ಅದು ಅಡಕ್ಟರ್ ಲಾಂಗಸ್ ಅನ್ನುವ ಒಳತೊಡೆ ಸ್ನಾಯುವಿನ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಅಂಟಿಸುವ ಗಟ್ಟಿ ಎಳೆ. ಅದನ್ನೇ ಹಿಡಿದು ಮೇಲಕ್ಕೆ ಹೋಗಿ, ಮೂಳೆ ಮುಟ್ಟುವ ತನಕ. ಅಲ್ಲಿ ಒತ್ತಿದಾಗ "ಹಾ, ಇದೇ ನೋವು" ಅನ್ನಿಸಬೇಕು. ಒತ್ತಿದರೆ ಯಾರಿಗಾದರೂ ಸ್ವಲ್ಪ ನೋಯುತ್ತದೆ, ಅದು ಲೆಕ್ಕಕ್ಕಿಲ್ಲ. ಆಟದಲ್ಲಿ ಬರುವ ಅದೇ ನೋವು ಬರಬೇಕು. ಇನ್ನೊಂದು ಕಾಲನ್ನೂ ಒತ್ತಿ ಹೋಲಿಸಿ. ಆಮೇಲೆ ಮಂಡಿಗಳ ಮಧ್ಯೆ ಒಂದು ಫುಟ್‌ಬಾಲ್ ಇಟ್ಟು ಬಲವಾಗಿ ಅಮುಕಿ. ಮುಟ್ಟಿದಾಗಲೂ ಅಮುಕಿದಾಗಲೂ ಅದೇ ನೋವು ಬಂದರೆ ಅಡಕ್ಟರ್‌ನದ್ದು ಅಂತ ಇಟ್ಟುಕೊಳ್ಳಬಹುದು. ಬರೀ ಒಂದರಲ್ಲಿ ಬಂದರೆ ಸಾಲದು.

ಕಬಡ್ಡಿಯಲ್ಲಿ ನಾನು ಜಾಸ್ತಿ ನೋಡುವುದು ಇದನ್ನೇ, ಅದೂ ರೈಡರ್‌ಗಳಲ್ಲಿ. ಟೋ ಟಚ್ ಮಾಡುವವನನ್ನು ಪಕ್ಕದಿಂದ ನೋಡಿ. ಒಂದು ಕಾಲಿನ ಮೇಲೆ ಪೂರ್ತಿ ಕುಕ್ಕರಿಸಿ, ಇನ್ನೊಂದನ್ನು ನೆಲಕ್ಕೆ ಸಮವಾಗಿ ಚಾಚಿ, ಮರುಕ್ಷಣ ಆ ಚಾಚಿದ ಕಾಲನ್ನು ಎಳೆದುಕೊಳ್ಳುತ್ತಾನೆ. ಸ್ನಾಯು ಪೂರ್ತಿ ಉದ್ದವಾಗಿರುವಾಗಲೇ ಜೋರಾಗಿ ಬಿಗಿಯಬೇಕು. ಆ ಹೊತ್ತಿಗೆ ಕಾರ್ನರ್‌ನಲ್ಲಿ ನಿಂತ ಎದುರಾಳಿ ಆಂಕಲ್ ಹೋಲ್ಡ್ ಹಾಕಿ ಪಾದದ ಗಂಟು ಹಿಡಿದರೆ ಇವನು ಒಂದು ಕಡೆ ಎಳೆಯುತ್ತಾನೆ, ಅವನು ಇನ್ನೊಂದು ಕಡೆ. ಮಣ್ಣಿನಲ್ಲಿ ಕಲಿತವರು ಶೂ ಹಾಕಿ ಮ್ಯಾಟ್‌ಗೆ ಬಂದ ಹೊಸದರಲ್ಲಿ ಈ ನೋವು ಜಾಸ್ತಿ ಅನ್ನುವುದು ನನ್ನ ಗುಮಾನಿ. ಮಣ್ಣಿನಲ್ಲಿ ಪಾದ ಒಂದಿಷ್ಟು ಜಾರುತ್ತದೆ, ಮ್ಯಾಟ್‌ನಲ್ಲಿ ಕಚ್ಚಿಕೊಳ್ಳುತ್ತದೆ.

ಎರಡನೆಯದು ಕಾಲು ಮೇಲೆತ್ತುವ ಇಲಿಯೋಸೋವಾಸ್ ಸ್ನಾಯು. ನೋವು ತೊಡೆಸಂದಿನ ಗೆರೆಯ ಮುಂಭಾಗದಲ್ಲಿ, ಅಡಕ್ಟರ್‌ಗಿಂತ ಹೊರಗೆ. ಕೂತು ಮಂಡಿ ಎತ್ತಿ, ಇನ್ನೊಬ್ಬರು ಕೆಳಕ್ಕೆ ಒತ್ತಲಿ. ಆಮೇಲೆ ಮಂಚದ ತುದಿಯಲ್ಲಿ ಮಲಗಿ ಒಂದು ಮಂಡಿ ಎದೆಗೆ ಅಪ್ಪಿಕೊಂಡು, ನೋಯುವ ಕಾಲನ್ನು ಕೆಳಕ್ಕೆ ಜೋತುಬಿಡಿ. ಎಳೆದು ನೋಯುತ್ತದಾ? ಫುಟ್‌ಬಾಲ್ ಆಡುವವರಲ್ಲಿ ಇದನ್ನು ಹುಡುಕಿ.

ಮೂರನೆಯದು ಹೊಟ್ಟೆಯ ಕೆಳಗೋಡೆಯದ್ದು. ಹಾಸಿಗೆಯಿಂದ ಏಳುವಾಗ, ಕೆಮ್ಮಿದಾಗ, ಸೀನಿದಾಗ, ಶೌಚಕ್ಕೆ ತಿಣುಕುವಾಗ ಚುಚ್ಚುತ್ತದೆ. ಗಡ್ಡೆ ಮಾತ್ರ ಕಾಣುವುದಿಲ್ಲ. "ಸ್ಪೋರ್ಟ್ಸ್ ಹರ್ನಿಯಾ" ಅಂತ ಕರೆಯುವುದು ಬಹುಮಟ್ಟಿಗೆ ಇದನ್ನೇ, ಆದರೆ ಕರುಳೇನೂ ಹೊರಬಂದಿರುವುದಿಲ್ಲ. ಹೆಸರು ಕೇಳಿದ ಕೂಡಲೇ ಆಪರೇಷನ್‌ಗೆ ಓಡಬೇಡಿ. ನಾಲ್ಕನೆಯದಕ್ಕೆ ವಿಶೇಷ ಪರೀಕ್ಷೆ ಇಲ್ಲ. ನಡುಮಧ್ಯದ ಪ್ಯೂಬಿಕ್ ಕೀಲನ್ನೂ ಅದರ ಪಕ್ಕದ ಮೂಳೆಯನ್ನೂ ಒತ್ತಿದರೆ ನೋವು, ಅಷ್ಟೇ.

ಒಬ್ಬರಲ್ಲೇ ಎರಡು ಮೂರು ಒಟ್ಟಿಗೆ ಇರುವುದು ಅಪರೂಪವೇನಲ್ಲ. ಹಳೆಯ ನೋವಾದಷ್ಟೂ ಕಲಸಿಹೋಗಿರುತ್ತದೆ.

ಹಿಪ್ ಜಾಯಿಂಟ್ ಮರೆಯಬೇಡಿ

ನೋವೆಲ್ಲಿ ಅಂದರೆ ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ ಮಾಡಿ ಸೊಂಟದ ಪಕ್ಕವನ್ನೇ ಹಿಡಿದು ತೋರಿಸುವವರಿದ್ದಾರೆ. ಇಂಡಿಯನ್ ಟಾಯ್ಲೆಟ್‌ನಲ್ಲಿ ಕೂರುವಾಗ, ಬೈಕ್ ಹತ್ತುವಾಗ, ಶೂ ಲೇಸ್ ಕಟ್ಟುವಾಗ ಹಿಡಿದುಕೊಳ್ಳುತ್ತದೆ ಅಂತಾರೆ. ಮಲಗಿಸಿ ಮಂಡಿಯನ್ನು ಎದೆಯ ಕಡೆ ತಂದು, ಒಳಕ್ಕೆ ವಾಲಿಸಿ, ಪಾದವನ್ನು ಹೊರಕ್ಕೆ ತಿರುಗಿಸಿ ನೋಡುತ್ತೇವೆ. ನೋವು ಬರಲೇ ಇಲ್ಲ ಅಂದರೆ ಕೀಲಿನದ್ದಲ್ಲ ಅನ್ನಲು ಧೈರ್ಯ ಬರುತ್ತದೆ. ಬಂದರೆ ಮಾತ್ರ ಅದೇ ಅಂತ ಖಾತ್ರಿ ಇಲ್ಲ, ಮುಂದೆ ಹುಡುಕಬೇಕು.

ಇಲ್ಲಿ ನಾನು ಕೇಳುವ ಇನ್ನೆರಡು ಪ್ರಶ್ನೆ ಹುಡುಗರಿಗೆ ಇಷ್ಟವಾಗುವುದಿಲ್ಲ. ಕುಡಿತ ಎಷ್ಟು? ಸ್ಟೀರಾಯ್ಡ್ ಮಾತ್ರೆ, ಇಂಜೆಕ್ಷನ್ ತೆಗೆದುಕೊಂಡಿದ್ದೀರಾ, ಯಾವುದೇ ಕಾಯಿಲೆಗಾದರೂ? ಎರಡೂ ತೊಡೆಮೂಳೆಯ ತಲೆಗೆ ಹೋಗುವ ರಕ್ತವನ್ನು ಕಡಿಮೆ ಮಾಡಿ ಮೂಳೆಯನ್ನು ಒಳಗೇ ಸಾಯಿಸಬಲ್ಲವು. ಎವಿಎನ್ ಅಂತಾರೆ. ಮೂವತ್ತರ ಆಸುಪಾಸಿನ ಗಂಡಸರಲ್ಲಿ ಇದನ್ನು ತೊಡೆಸಂದಿನ ಉಳುಕು ಅಂದುಕೊಂಡು ತಿಂಗಳುಗಟ್ಟಲೆ ಕಳೆದುಬಿಡುತ್ತಾರೆ. ಪ್ರತಿ ಸಂಜೆ ಜ್ವರ, ತೂಕ ಇಳಿತ ಇದ್ದರೆ ಕೀಲಿನ ಟಿಬಿಯನ್ನೂ ಡಾಕ್ಟರ್ ನೋಡುತ್ತಾರೆ.

ಸ್ಕ್ಯಾನ್ ಯಾವಾಗ

ಅಡಕ್ಟರ್ ನೋವಿನ ಬಹುಪಾಲು ಆಟಗಾರರಿಗೆ ಮೊದಲ ದಿನವೇ ಎಂಆರ್‌ಐ ಬೇಡ. ಯಾವ ನೋವೂ ಇಲ್ಲದೆ ಆಡುತ್ತಿರುವ ಫುಟ್‌ಬಾಲ್ ಆಟಗಾರರ ಎಂಆರ್‌ಐಯಲ್ಲೂ ಪ್ಯೂಬಿಕ್ ಮೂಳೆಯ ಊತ, ಹಿಪ್ ಕೀಲಿನ ಅಂಚು ಹರಿದಿರುವುದು ಕಾಣಿಸುತ್ತವೆ. ರಿಪೋರ್ಟಿನಲ್ಲಿ ದೊಡ್ಡ ಪದ ಓದಿ ಹೆದರುವವರೇ ಜಾಸ್ತಿ, ಅಲ್ವಾ? ಬೆರಳು ತೋರಿಸಿದ ಜಾಗವೂ ಸ್ಕ್ಯಾನ್ ತೋರಿಸಿದ ಜಾಗವೂ ಹೊಂದಬೇಕು. ಹರ್ನಿಯಾ ಅನುಮಾನಕ್ಕೆ ಕೆಮ್ಮಿಸಿ ನೋಡುವ ಅಲ್ಟ್ರಾಸೌಂಡ್ ಒಳ್ಳೆಯದು. ಹಿಪ್ ಅನುಮಾನಕ್ಕೆ ಮೊದಲು ಎಕ್ಸ್‌ರೇ, ಆದರೆ ಎವಿಎನ್ ಶುರುವಿನಲ್ಲಿ ಎಕ್ಸ್‌ರೇಗೂ ಸಿಗದೆ ಇರಬಹುದು. ಎಂಆರ್‌ಐ ಬರೆದರೆ ಪೆಲ್ವಿಸ್, ಎರಡೂ ಹಿಪ್, ಪ್ಯೂಬಿಕ್ ಕೀಲು ಸೇರಿದೆಯಾ ಅಂತ ಚೀಟಿಯಲ್ಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಬೆನ್ನಿನದ್ದು ತೆಗೆದು ಕಳಿಸುತ್ತಾರೆ.

ಅಡಕ್ಟರ್ ಅಂತ ಗೊತ್ತಾದ ಮೇಲೆ ಬರೀ ರೆಸ್ಟ್, ಬರೀ ಮಸಾಜ್ ನಂಬಿಕೊಳ್ಳಬೇಡಿ. ಡೆನ್ಮಾರ್ಕ್‌ನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಸಾಜ್, ಲೇಸರ್, ಟೆನ್ಸ್ (ಚರ್ಮದ ಮೇಲಿಂದ ಕೊಡುವ ಸಣ್ಣ ಕರೆಂಟ್) ಪಡೆದವರಿಗಿಂತ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿದವರೇ ಹೆಚ್ಚು ಮಂದಿ ಆಟಕ್ಕೆ ಮರಳಿದ್ದರು. ಆ ವ್ಯಾಯಾಮವೇ 8ರಿಂದ 12 ವಾರ ನಡೆದಿತ್ತು.

ವಾರವಾರ ನೋಡಿಕೊಳ್ಳಲು ಕೋಪನ್‌ಹೇಗನ್‌ನ 5 ಸೆಕೆಂಡಿನ ಪರೀಕ್ಷೆ ಸುಲಭ. ಕಾಲು ನೀಟಾಗಿ ಚಾಚಿ ಮಲಗಿ. ಗೆಳೆಯನ ಮುಂಗೈಯನ್ನು ಎರಡು ಪಾದದ ಗಂಟುಗಳ ನಡುವೆ ಇಟ್ಟುಕೊಂಡು 5 ಸೆಕೆಂಡ್ ಪೂರ್ತಿ ಬಲದಿಂದ ಅಮುಕಿ. ನೋವಿಗೆ 10ಕ್ಕೆ ಎಷ್ಟು ಅಂಕ? 2ರ ತನಕ ಆಡಬಹುದು. 3ರಿಂದ 5 ಆದರೆ ರೈಡು ಕಡಿಮೆ ಮಾಡಿ ಫಿಸಿಯೋ ನೋಡಿ. 6 ಇಲ್ಲವೇ ಅದಕ್ಕಿಂತ ಹೆಚ್ಚಾದರೆ ಆ ವಾರ ಅಂಕಣಕ್ಕೆ ಇಳಿಯಬೇಡಿ, ಫೈನಲ್ ಇದ್ದರೂ.